ಸ್ಟೇಷನ್ನಿನಲ್ಲಿ ಮೂಟೆ ಎತ್ತೋದು ಯಾರ ಕೆಲಸ?

ಹೈದರಾಬಾದಿನಲ್ಲಿರೋ ನಮ್ಮಂಥ ಕನ್ನಡದವರಿಗೆ ಕಾಚಿಗುಡ ಸ್ಟೇಷನ್ ಅಂದ್ರೆ ಊರಿನ ಬಾಗಿಲು ಇದ್ದ ಹಾಗೆ. ಮೈಸೂರು ಎಕ್ಸ್‌ಪ್ರೆಸ್ ಹೊರಡೋದು ಅಲ್ಲಿಂದ. 2023ರ ಸೆಪ್ಟೆಂಬರ್‌ನಲ್ಲಿ ಯಶವಂತಪುರದ ವಂದೇ ಭಾರತ್ ಶುರುವಾಗಿದ್ದೂ ಅಲ್ಲಿಂದಲೇ. ಅಲ್ಲಿ ಕೆಂಪು ಅಂಗಿ ತೊಟ್ಟು ನಿಂತಿರೋರನ್ನು ನೀವು ನೋಡೇ ಇರ್ತೀರಿ. ಅವರು ರೈಲ್ವೆ ನೌಕರರಾ?

ಅಲ್ಲ. ರೈಲ್ವೆ ಅವರಿಗೆ ಲೈಸೆನ್ಸ್ ಕೊಡುತ್ತೆ, ಬಿಲ್ಲೆ ಕೊಡುತ್ತೆ, ಎಷ್ಟು ಕೂಲಿ ತಗೋಬೇಕು ಅಂತ ದರವನ್ನೂ ಗೊತ್ತುಮಾಡುತ್ತೆ. ಸಂಬಳ ಮಾತ್ರ ಕೊಡಲ್ಲ. ಕಾಸು ಕೊಡೋರು ನಾವು, ಪ್ರಯಾಣಿಕರು. 2008ರ ರೈಲ್ವೆ ಬಜೆಟ್‌ನಲ್ಲಿ ಲಾಲು ಪ್ರಸಾದ್ ಇವರನ್ನು ಗ್ಯಾಂಗ್‌ಮನ್ ಕೆಲಸಕ್ಕೆ ತೆಗೆದುಕೊಳ್ಳುತ್ತೇವೆ ಅಂದಾಗ ಬಹಳ ಜನ ಹಳಿ ಕೆಲಸಕ್ಕೆ ಹೋದರು. 2016ರಲ್ಲಿ ಸುರೇಶ್ ಪ್ರಭು ‘ಕೂಲಿ’ ಅನ್ನೋ ಹೆಸರು ತೆಗೆದು ‘ಸಹಾಯಕ್’ ಮಾಡಿದರು. ಹೆಸರು ಬದಲಾಯ್ತು, ಸಂಬಳದ ಚೀಟಿ ಬರಲಿಲ್ಲ.

ಈಗ ಅದೇ ಪ್ಲಾಟ್‌ಫಾರ್ಮಿನ ತುದಿಗೆ, ಪಾರ್ಸೆಲ್ ಆಫೀಸಿನ ಕಡೆ ನೋಡೋಣ. ಅಲ್ಲೂ ಮೂಟೆ ಎತ್ತೋದೇ ಕೆಲಸ. ಆದರೆ ಅಲ್ಲೊಂದು ವ್ಯತ್ಯಾಸ ಇದೆ. ಪಾರ್ಸೆಲ್ ಬುಕ್ ಮಾಡಿಕೊಂಡು ದುಡ್ಡು ಪಡೆದದ್ದು ರೈಲ್ವೆ. ಹಾಗಾದರೆ ಅದನ್ನು ಬೋಗಿಗೆ ಹತ್ತಿಸೋದು ಯಾರ ಕೆಲಸ? ದೇಶದ ಎಷ್ಟೋ ಸ್ಟೇಷನ್‌ಗಳಲ್ಲಿ ಇದನ್ನು ಗುತ್ತಿಗೆದಾರರ ಆಳುಗಳು ವರ್ಷಗಟ್ಟಲೆ ಮಾಡುತ್ತಾ ಬಂದರು. ಕೊನೆಗೆ ಅವರೇ ಸುಪ್ರೀಂ ಕೋರ್ಟಿಗೆ ಹೋದರು.

ಅವರ ಕೈಯಲ್ಲಿದ್ದ ಅಸ್ತ್ರ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯ 10ನೇ ಸೆಕ್ಷನ್. ಒಂದು ಕೆಲಸದಲ್ಲಿ ಗುತ್ತಿಗೆ ಪದ್ಧತಿಯನ್ನು ನಿಷೇಧಿಸಬೇಕಾದರೆ ಸರ್ಕಾರ ನಾಲ್ಕು ಪ್ರಶ್ನೆ ನೋಡಬೇಕು ಅನ್ನುತ್ತಿತ್ತು ಅದು. ಆ ಉದ್ಯಮಕ್ಕೆ ಈ ಕೆಲಸ ಬೇಕೇ ಬೇಕಾ? ವರ್ಷವಿಡೀ ಇರುತ್ತಾ? ಅಂಥ ಕಡೆ ಸಾಮಾನ್ಯವಾಗಿ ಕಾಯಂ ನೌಕರರೇ ಮಾಡ್ತಾರಾ? ಪೂರ್ತಿ ಹೊತ್ತು ಸಾಕಷ್ಟು ಜನರನ್ನು ಇಟ್ಟುಕೊಳ್ಳುವಷ್ಟು ಕೆಲಸ ಇದೆಯಾ?

ಕೋರ್ಟು ಕಾರ್ಮಿಕ ಇಲಾಖೆಯ ಅಧಿಕಾರಿಯಿಂದ ತನಿಖೆ ಮಾಡಿಸಿತು. ಕೆಲಸ ನಿರಂತರವಾದದ್ದು, ಜನರೂ ವರ್ಷಗಳಿಂದ ದುಡಿಯುತ್ತಿದ್ದಾರೆ ಅಂತ ವರದಿ ಬಂತು. 1995ರಲ್ಲಿ ತೀರ್ಪಾಯ್ತು: ಕಾಯಂ ಕೆಲಸ ಎಷ್ಟಿದೆಯೋ ಅಷ್ಟು ಜನರನ್ನು ಕಾಯಂ ಪಾರ್ಸೆಲ್ ಪೋರ್ಟರುಗಳಾಗಿ ತೆಗೆದುಕೊಳ್ಳಿ. ದೇಹ ಗಟ್ಟಿಯಿರಬೇಕು, ನಿವೃತ್ತಿ ವಯಸ್ಸು ದಾಟಿರಬಾರದು; ಮೆಟ್ರಿಕ್ ಪಾಸಾಗಿಲ್ಲ ಅನ್ನೋದು ಅಡ್ಡಿ ಅಲ್ಲ. 2003ರಲ್ಲಿ ಇದೇ ಹಾದಿಯಲ್ಲಿ ಇನ್ನೊಂದು ತೀರ್ಪು ಬಂತು.

ಅದೇ ಸ್ಟೇಷನ್, ಅದೇ ಬೆನ್ನುನೋವು. ಒಬ್ಬನಿಗೆ ರೈಲ್ವೆ ಸಂಬಳ, ಇನ್ನೊಬ್ಬನಿಗೆ ರೈಲು ಬರೋ ತನಕ ಕಾಯೋದು. ಇಬ್ಬರ ನಡುವೆ ಇರೋದು ಭಾರದ ವ್ಯತ್ಯಾಸ ಅಲ್ಲ, ‘ಈ ಕೆಲಸ ಯಾರದು’ ಅನ್ನೋ ಪ್ರಶ್ನೆಗೆ ಸಿಕ್ಕ ಉತ್ತರದ ವ್ಯತ್ಯಾಸ.

ಯಂತ್ರ ಬಂದರೆ ಈ ಜಗಳ ಮುಗಿಯುತ್ತಾ? ಅಮೆರಿಕದ ಒಂದು ಪ್ರಕರಣ ನಮ್ಮ ಐಟಿಯವರಿಗೆ ರುಚಿಸಬಹುದು. 1952ರಲ್ಲಿ ಯೂನಿಯನ್ ಪೆಸಿಫಿಕ್ ರೈಲ್ವೆ ಐಬಿಎಂ ಕಾರ್ಡ್ ಯಂತ್ರಗಳನ್ನು ತಂದಿತು. ಅದುವರೆಗೆ ಟೆಲಿಗ್ರಾಫ್‌ನವರು ಮಾಡುತ್ತಿದ್ದ ಕೆಲಸ ಗುಮಾಸ್ತರ ಕೈಗೆ ಹೋಯ್ತು. ಟೆಲಿಗ್ರಾಫ್ ಯೂನಿಯನ್ ದೂರು ಕೊಟ್ಟಿತು. ಮಂಡಳಿ ಅವರ ಒಪ್ಪಂದವನ್ನಷ್ಟೇ ನೋಡಿ, ಅವರ ಪರ ತೀರ್ಪು ಕೊಟ್ಟುಬಿಡ್ತು. 1966ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ್ದು: ಇಬ್ಬರ ಒಪ್ಪಂದಗಳನ್ನೂ ಎದುರಿಗಿಟ್ಟುಕೊಂಡು ಇಡೀ ಜಗಳವನ್ನು ಒಂದೇ ಸಲ ಬಗೆಹರಿಸಿ. ಯಂತ್ರ ಕೆಲಸವನ್ನು ಬದಲಾಯಿಸಿತು, ಪ್ರಶ್ನೆಯನ್ನು ಹಾಗೇ ಉಳಿಸಿತು.

ನಮಗೇನು ಇದರಿಂದ ಅಂತೀರಾ? ಹೈಟೆಕ್ ಸಿಟಿಯಲ್ಲಿ ಬೇರೆ ಕಂಪನಿಯ ಪೇರೋಲ್‌ನಲ್ಲಿದ್ದು, ಕ್ಲೈಂಟ್ ಆಫೀಸಿನಲ್ಲಿ ಕೂತು, ಕ್ಲೈಂಟ್ ನೌಕರರ ಪಕ್ಕದಲ್ಲೇ ಅದೇ ಕೆಲಸ ಮಾಡೋರು ನಮ್ಮಲ್ಲಿ ಕಡಿಮೆಯಾ? 2003ರಲ್ಲೇ ಆಗಿನ ಆಂಧ್ರಪ್ರದೇಶ ಗುತ್ತಿಗೆ ಕಾಯ್ದೆ ತಿದ್ದಿ, ಸಂಸ್ಥೆಯ ‘ಮುಖ್ಯ ಚಟುವಟಿಕೆ’ಗೆ ಗುತ್ತಿಗೆಯವರನ್ನು ಹಾಕೋ ಹಾಗಿಲ್ಲ ಅಂತ ಮಾಡಿತು. ಕೇಂದ್ರದ 2020ರ ವೃತ್ತಿ ಸುರಕ್ಷತಾ ಸಂಹಿತೆಯೂ ಅದೇ ಮಾತನ್ನು ಹೇಳುತ್ತೆ. ಎರಡಕ್ಕೂ ವಿನಾಯಿತಿಗಳಿವೆ. ಲೋಡಿಂಗ್, ಅನ್‌ಲೋಡಿಂಗ್ ಮುಖ್ಯ ಚಟುವಟಿಕೆ ಅಲ್ಲ ಅಂತಲೂ ಬರೆದಿದೆ, ಸಂಸ್ಥೆ ಇರೋದೇ ಆ ಕೆಲಸಕ್ಕಾಗಿ ಅನ್ನೋ ಸಂದರ್ಭ ಬಿಟ್ಟು. ಸರಕು ಸಾಗಿಸೋದೇ ಕಸುಬಾದ ರೈಲ್ವೆಗೆ ಮೂಟೆ ಹತ್ತಿಸೋದು ಯಾವ ಲೆಕ್ಕ? ನೀವೇ ಯೋಚಿಸಿ.

ಒಂದು ಎಚ್ಚರಿಕೆ. ಗುತ್ತಿಗೆ ನಿಷೇಧವಾದ ಮಾತ್ರಕ್ಕೆ ಕೆಲಸ ತಾನಾಗಿ ಕಾಯಂ ಆಗಲ್ಲ. 2001ರ ಉಕ್ಕು ಪ್ರಾಧಿಕಾರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಗುತ್ತಿಗೆ ಅನ್ನೋದು ಬರೀ ಮುಖವಾಡ ಅಂತ ಸಾಬೀತಾದರೆ ಮಾತು ಬೇರೆ. ಸಾಬೀತು ಮಾಡೋಕೆ ದಾಖಲೆ ಬೇಕು: ಎಷ್ಟು ವರ್ಷ, ಯಾರ ಕೆಲಸ, ಯಾರ ಆದೇಶ.

ಆದ್ದರಿಂದ ನಿಮ್ಮ ಐಡಿ ಕಾರ್ಡಿನ ಪಟ್ಟಿಯ ಬಣ್ಣ ನೋಡಿ ಬೇಜಾರಾಗಬೇಡಿ, ನಿಯೋಜನೆ ಪತ್ರ, ಸಂಬಳದ ಚೀಟಿ, ಕೆಲಸ ಹೇಳಿದ ಮೇಲ್‌ಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಪಾರ್ಸೆಲ್ ಪೋರ್ಟರುಗಳನ್ನು ಗೆಲ್ಲಿಸಿದ್ದು ಅವರು ಎತ್ತಿದ ಭಾರ ಅಲ್ಲ, ಆ ಭಾರಕ್ಕೆ ಸಿಕ್ಕ ಲೆಕ್ಕ. ಮತ್ತೆ ಸಿಗೋಣ.