ಸಣ್ಣ ಕ್ಯಾಮರಾ ಸಾಕಾ, ಮಳೆ ತಡೆಯುವ ಕ್ಯಾಮರಾ ಬೇಕಾ? ಮಿರರ್‌ಲೆಸ್ ಕೊಳ್ಳುವ ಮೊದಲು ಒಂದು ಲೆಕ್ಕ

ಮಂಗಳೂರು, ಉಳ್ಳಾಲದಿಂದ ಹಿಡಿದು ಮಂಜೇಶ್ವರ, ಉಪ್ಪಳ, ಕಾಸರಗೋಡಿನವರೆಗೆ ಈಗ ಕ್ಯಾಮರಾ ಹಿಡಿದ ಹುಡುಗರಿಗೆ ಕೊರತೆ ಇಲ್ಲ. ಕೆಲವರಿಗೆ ಅದು ಹವ್ಯಾಸ. ಕೆಲವರಿಗೆ ಯೂಟ್ಯೂಬ್ ಚಾನೆಲ್. ಇನ್ನು ಕೆಲವರಿಗೆ ಮದುವೆ, ನಿಕಾಹ್, ಶಾಲಾ ವಾರ್ಷಿಕೋತ್ಸವಗಳ ಫೋಟೋ-ವಿಡಿಯೋ ಮಾಡಿ ಮನೆ ಖರ್ಚು ನಡೆಸುವ ದಾರಿ. ಇವರಲ್ಲಿ ಹೆಚ್ಚಿನವರು ಹೊಸದಾಗಿ ಕೊಳ್ಳುವುದು ಮಿರರ್‌ಲೆಸ್ ಕ್ಯಾಮರಾ. ಅಂಗಡಿಯಲ್ಲಿ ನಿಂತಾಗ ಬರುವ ಪ್ರಶ್ನೆಯೂ ಒಂದೇ: ಜೇಬಿಗೂ ಬ್ಯಾಗಿಗೂ ಹಗುರವಾದ ಸಣ್ಣ ಕ್ಯಾಮರಾ ತೆಗೆದುಕೊಳ್ಳುವುದಾ, ಇಲ್ಲ ಸ್ವಲ್ಪ ದೊಡ್ಡದಾದರೂ ಸರಿ, ಮಳೆ-ಧೂಳು ತಡೆಯುವ 'ವೆದರ್ ಸೀಲಿಂಗ್' ಇರುವುದನ್ನೇ ತೆಗೆದುಕೊಳ್ಳುವುದಾ?

ಬೇರೆ ಊರಿನವರಿಗೆ ಇದು ಇಷ್ಟದ ಪ್ರಶ್ನೆ ಇರಬಹುದು. ವರ್ಷಕ್ಕೆ 3,000 ಮಿಲಿಮೀಟರ್‌ಗಿಂತ ಹೆಚ್ಚು ಮಳೆ ಬೀಳುವ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುವ, ಉಳಿದ ದಿನವೂ ಉಪ್ಪು ಗಾಳಿ ಬೀಸುವ ನಮ್ಮ ಕರಾವಳಿಯಲ್ಲಿ ಇದು ದುಡ್ಡಿನ ಪ್ರಶ್ನೆ. ಸಾಲ ಮಾಡಿ ತಂದ ಕ್ಯಾಮರಾ ಒಂದು ಮಳೆಗೆ ಹೋದರೆ, ಹೋಗುವುದು ಕ್ಯಾಮರಾ ಮಾತ್ರ ಅಲ್ಲ, ಆ ಸೀಸನ್ನಿನ ಸಂಪಾದನೆಯೂ ಹೋಗುತ್ತದೆ.

ಮಿರರ್‌ಲೆಸ್ ಸಣ್ಣದಾದದ್ದು ಹೇಗೆ?

ಹಳೆಯ ಡಿಎಸ್‌ಎಲ್‌ಆರ್ ಕ್ಯಾಮರಾದಲ್ಲಿ ಲೆನ್ಸ್ ಮತ್ತು ಸೆನ್ಸರ್ ನಡುವೆ ಒಂದು ಕನ್ನಡಿ ಇರುತ್ತಿತ್ತು. ಅದು ಮೇಲೆ ಕೆಳಗೆ ಆಡಲು ಜಾಗ ಬೇಕು. ಕ್ಯಾನನ್ ಡಿಎಸ್‌ಎಲ್‌ಆರ್‌ಗಳಲ್ಲಿ ಲೆನ್ಸ್ ಕೂರುವ ಜಾಗದಿಂದ ಸೆನ್ಸರ್‌ಗೆ 44 ಮಿಲಿಮೀಟರ್ ದೂರ. ಕನ್ನಡಿ ತೆಗೆದ ಮೇಲೆ ಅದೇ ಕ್ಯಾನನ್‌ನ ಆರ್ ಸರಣಿಯಲ್ಲಿ ಅದು 20 ಮಿಲಿಮೀಟರ್‌ಗೆ ಇಳಿಯಿತು. ಸೋನಿಯಲ್ಲಿ 18 ಮಿಲಿಮೀಟರ್. ಹೀಗೆ ಬಾಡಿ ತೆಳ್ಳಗಾಯಿತು, ತೂಕವೂ ಕಡಿಮೆಯಾಯಿತು.

ಈಗ ವ್ಲಾಗ್ ಮಾಡುವವರ ಕೈಯಲ್ಲಿ ಹೆಚ್ಚಾಗಿ ಕಾಣುವ ಸೋನಿ ಜಡ್‌ವಿ-ಇ10 ಬ್ಯಾಟರಿ, ಕಾರ್ಡ್ ಸೇರಿ 343 ಗ್ರಾಂ. ಕ್ಯಾನನ್ ಆರ್50 375 ಗ್ರಾಂ. ಫ್ಯೂಜಿಫಿಲ್ಮ್ ಎಕ್ಸ್-ಟಿ30 ಎರಡನೇ ಆವೃತ್ತಿ 378 ಗ್ರಾಂ. ಮೂರೂ ಅರ್ಧ ಕಿಲೋಗೆ ಕಡಿಮೆ. ಮೂರರಲ್ಲೂ ವೆದರ್ ಸೀಲಿಂಗ್ ಇಲ್ಲ.

ಸೀಲಿಂಗ್ ಅಂದರೆ ಏನು?

ಕ್ಯಾಮರಾದ ಬಾಡಿ ಒಂದೇ ತುಂಡು ಅಲ್ಲ. ಹಲವು ಭಾಗಗಳನ್ನು ಸ್ಕ್ರೂ ಹಾಕಿ ಜೋಡಿಸಿರುತ್ತಾರೆ. ಜೋಡಿಸಿದ ಗೆರೆ, ಗುಂಡಿಗಳ ಸುತ್ತ, ಡಯಲ್‌ಗಳ ಕೆಳಗೆ, ಬ್ಯಾಟರಿ ಬಾಗಿಲು, ಕಾರ್ಡ್ ಬಾಗಿಲು, ಲೆನ್ಸ್ ಕೂರುವ ಬಳೆ, ಹೀಗೆ ನೀರು ನುಗ್ಗಲು ಹತ್ತಾರು ದಾರಿ. ಆ ದಾರಿಗಳಿಗೆ ರಬ್ಬರ್ ಪಟ್ಟಿಯೋ ಫೋಮೋ ಇಟ್ಟು ಮುಚ್ಚುವುದೇ ವೆದರ್ ಸೀಲಿಂಗ್. ಪ್ರೆಷರ್ ಕುಕ್ಕರ್ ಮುಚ್ಚಳದ ಗ್ಯಾಸ್ಕೆಟ್ ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತದೆ.

ಆದರೆ ಸೀಲ್ ಆದದ್ದು ವಾಟರ್‌ಪ್ರೂಫ್ ಅಲ್ಲ. ಗೊರಬೆ ಹಾಕಿಕೊಂಡು ಗದ್ದೆಗೆ ಇಳಿಯಬಹುದು, ಹೊಳೆಗೆ ಹಾರಲಿಕ್ಕೆ ಆಗುವುದಿಲ್ಲ. ಇದೂ ಹಾಗೆಯೇ.

ಮೊಬೈಲ್‌ನಲ್ಲಿ 'ಐಪಿ68' ಅಂತ ಬರೆದದ್ದು ನೋಡಿ ಯುವಕರಿಗೆ ಅಭ್ಯಾಸ ಆಗಿದೆ. ಆ ಎರಡು ಅಂಕಿಗಳಲ್ಲಿ ಮೊದಲನೆಯದು ಧೂಳಿಗೆ, ಎರಡನೆಯದು ನೀರಿಗೆ. ನೀರಿನ ಅಂಕಿ 7 ಇದ್ದರೆ ಒಂದು ಮೀಟರ್ ಆಳದಲ್ಲಿ 30 ನಿಮಿಷ ಮುಳುಗಿಸಿ ಪರೀಕ್ಷೆ ಮಾಡಿದ್ದು ಅಂತ ಲೆಕ್ಕ. 3 ಇದ್ದರೆ ಮೇಲಿನಿಂದ ಓರೆಯಾಗಿ ಸಿಂಪಡಿಸಿದ ನೀರನ್ನು ತಡೆಯುತ್ತದೆ ಎಂದಷ್ಟೇ. ಕ್ಯಾಮರಾ ಕಂಪೆನಿಗಳಲ್ಲಿ ಹೆಚ್ಚಿನವು ಈ ಅಂಕಿಯನ್ನೇ ಕೊಡುವುದಿಲ್ಲ. 'ಧೂಳು ಮತ್ತು ತೇವ ನಿರೋಧಕ ವಿನ್ಯಾಸ' ಎಂದು ಬರೆದು, ಕೆಳಗೆ ಸಣ್ಣ ಅಕ್ಷರದಲ್ಲಿ 'ಪೂರ್ತಿ ಖಾತ್ರಿ ಇಲ್ಲ' ಎಂಬ ಅರ್ಥದ ಒಂದು ಸಾಲು ಸೇರಿಸುತ್ತಾರೆ. ನೀರು ಹೋಗಿ ಹಾಳಾದರೆ ಸಾಮಾನ್ಯವಾಗಿ ವಾರಂಟಿಯೂ ಸಿಗುವುದಿಲ್ಲ. ಅಂಕಿ ಕೊಟ್ಟ ಅಪರೂಪದ ಉದಾಹರಣೆ 2022ರಲ್ಲಿ ಬಂದ ಓಎಂ ಸಿಸ್ಟಮ್‌ನ ಓಎಂ-5. ಅದಕ್ಕೆ ಐಪಿ53 ಇದೆ. ಅಂದರೆ ಧೂಳಿಗೆ ಸಾಕಷ್ಟು ರಕ್ಷಣೆ, ನೀರಿಗೆ ಮಳೆ ಹನಿಯ ಮಟ್ಟದ ರಕ್ಷಣೆ.

ತೂಕ ಎಲ್ಲಿಂದ ಬರುತ್ತದೆ?

ಕ್ಯಾನನ್ ಆರ್7ರಲ್ಲಿ ಧೂಳು-ಹನಿ ತಡೆಯುವ ಸೀಲಿಂಗ್ ಇದೆ. ತೂಕ 612 ಗ್ರಾಂ. ಸೀಲಿಂಗ್ ಇಲ್ಲದ ಆರ್50ಗಿಂತ 237 ಗ್ರಾಂ ಹೆಚ್ಚು. ಫ್ಯೂಜಿಯ ಎಕ್ಸ್-ಟಿ5 557 ಗ್ರಾಂ. ಅದು ಎಕ್ಸ್-ಟಿ30 ಎರಡನೇ ಆವೃತ್ತಿಗಿಂತ 179 ಗ್ರಾಂ ಹೆಚ್ಚು.

ಇಷ್ಟೂ ತೂಕ ರಬ್ಬರ್‌ನದ್ದು ಅಂತ ತಿಳಿದರೆ ತಪ್ಪು. ಸೀಲಿಂಗ್ ಕೊಡುವ ಬಾಡಿಗೆ ಕಂಪೆನಿಗಳು ಸಾಮಾನ್ಯವಾಗಿ ದೊಡ್ಡ ಬ್ಯಾಟರಿ, ಎರಡು ಕಾರ್ಡ್ ಸ್ಲಾಟ್, ಕೈ ನಡುಕ ತಡೆಯುವ ವ್ಯವಸ್ಥೆ, ಗಟ್ಟಿ ಹಿಡಿಕೆ ಎಲ್ಲವನ್ನೂ ಸೇರಿಸಿ ಕೊಡುತ್ತವೆ. ಆರ್7, ಎಕ್ಸ್-ಟಿ5 ಎರಡರಲ್ಲೂ ಎರಡೆರಡು ಕಾರ್ಡ್ ಹಾಕಬಹುದು. ಮದುವೆ ಕೆಲಸ ಮಾಡುವವರಿಗೆ ಮಳೆಗಿಂತ ದೊಡ್ಡ ಹೆದರಿಕೆ ಕಾರ್ಡ್ ಕೈಕೊಡುವುದು. ಆದ್ದರಿಂದ ಹೆಚ್ಚು ಕೊಡುವ ದುಡ್ಡಿಗೆ ಸೀಲ್ ಒಂದೇ ಸಿಗುವುದಲ್ಲ ಎಂಬುದೂ ಲೆಕ್ಕಕ್ಕೆ ಬರಬೇಕು.

ಸಣ್ಣದೂ ಆಗಿ ಸೀಲೂ ಇರುವುದು ಸಿಗುವುದೇ ಇಲ್ಲವಾ? ಸಿಗುತ್ತದೆ. ಮೇಲೆ ಹೇಳಿದ ಓಎಂ-5 ಕೇವಲ 414 ಗ್ರಾಂ. ಆದರೆ ಅದರ ಸೆನ್ಸರ್ 17.3 ಗುಣಿಸು 13 ಮಿಲಿಮೀಟರ್ ಅಳತೆಯದ್ದು, ಫುಲ್ ಫ್ರೇಮಿನ 36 ಗುಣಿಸು 24ರ ಕಾಲು ಭಾಗ. ಕತ್ತಲೆ ಹಾಲ್‌ನಲ್ಲಿ ಆ ವ್ಯತ್ಯಾಸ ಗೊತ್ತಾಗುತ್ತದೆ. 514 ಗ್ರಾಂ ತೂಕದ ಸೋನಿ ಎ7ಸಿ ಎರಡನೇ ಆವೃತ್ತಿಯಲ್ಲಿ ಫುಲ್ ಫ್ರೇಮ್ ಸೆನ್ಸರ್ ಇದೆ, ತೇವ ನಿರೋಧಕ ವಿನ್ಯಾಸವೂ ಇದೆ. ಆದರೆ ಕಾರ್ಡ್ ಸ್ಲಾಟ್ ಒಂದೇ, ಬೆಲೆಯೂ ಮೇಲೆ. ಸಣ್ಣ ಗಾತ್ರ, ಸೀಲಿಂಗ್, ಕಡಿಮೆ ಬೆಲೆ, ದೊಡ್ಡ ಸೆನ್ಸರ್: ಈ ನಾಲ್ಕೂ ಒಟ್ಟಿಗೆ ಸಿಗುವ ಕ್ಯಾಮರಾ ಇಲ್ಲ. ಯಾವುದನ್ನು ಬಿಡುವುದು ಅಂತ ಕೊಳ್ಳುವವರೇ ತೀರ್ಮಾನ ಮಾಡಬೇಕು.

ಹೆಚ್ಚಿನವರು ಎಡವುವುದು ಲೆನ್ಸ್‌ನಲ್ಲಿ

ಬಾಡಿಗೆ ಸೀಲ್ ಇದ್ದು ಲೆನ್ಸ್‌ಗೆ ಇಲ್ಲದಿದ್ದರೆ, ಮನೆಗೆ ಗಟ್ಟಿ ಬಾಗಿಲು ಇಟ್ಟು ಕಿಟಕಿ ತೆರೆದಿಟ್ಟಂತೆ. ನೀರು ಲೆನ್ಸ್ ಮೂಲಕವೋ, ಲೆನ್ಸ್ ಕೂರುವ ಬಳೆಯ ಸಂದಿಯಿಂದಲೋ ಒಳಗೆ ಬರುತ್ತದೆ.

ಕ್ಯಾನನ್ ಆರ್7 ಜತೆ ಕಿಟ್ ಆಗಿ ಬರುವ ಆರ್‌ಎಫ್-ಎಸ್ 18-150 ಲೆನ್ಸ್‌ಗೆ ಸೀಲಿಂಗ್ ಇಲ್ಲ. ಅಂದರೆ ಪೆಟ್ಟಿಗೆಯಿಂದ ತೆಗೆದ ಹಾಗೆಯೇ ಆ ಜೋಡಿಯನ್ನು ಮಳೆಗೆ ಒಡ್ಡುವಂತಿಲ್ಲ. ಸೀಲ್ ಇರುವ ಆರ್‌ಎಫ್ 24-105 ಎಫ್4 ಎಲ್ ಲೆನ್ಸ್ ಹಾಕಿದರೆ ಲೆನ್ಸ್ ಒಂದೇ 700 ಗ್ರಾಂ, ಒಟ್ಟು 1,312 ಗ್ರಾಂ. ಅದೇ ಆರ್50 ಜತೆ ಬರುವ 18-45 ಲೆನ್ಸ್ 130 ಗ್ರಾಂ, ಒಟ್ಟು 505 ಗ್ರಾಂ. ನಿಜವಾದ ಹೋಲಿಕೆ ಈ ಎರಡು ಮೊತ್ತಗಳ ನಡುವೆ. ಬಾಡಿಯ ತೂಕ ಮಾತ್ರ ನೋಡಿ ತೀರ್ಮಾನ ಮಾಡಿದರೆ ಲೆಕ್ಕ ತಪ್ಪುತ್ತದೆ.

ಫ್ಯೂಜಿಯಲ್ಲಿ ಗುರುತು ಹಿಡಿಯುವುದು ಸುಲಭ. ಸೀಲ್ ಇರುವ ಲೆನ್ಸ್‌ನ ಹೆಸರಿನಲ್ಲಿ 'ಡಬ್ಲ್ಯೂಆರ್' ಎಂಬ ಅಕ್ಷರ ಇರುತ್ತದೆ. 35 ಮಿಲಿಮೀಟರ್ ಎಫ್2 ಡಬ್ಲ್ಯೂಆರ್ ಲೆನ್ಸ್ ಬರೀ 170 ಗ್ರಾಂ. ಸಣ್ಣ ಗಾತ್ರ ಬೇಕು, ಸೀಲೂ ಬೇಕು ಅನ್ನುವವರಿಗೆ ಇಂಥ ಜೂಮ್ ಇಲ್ಲದ ಲೆನ್ಸ್ ಒಳ್ಳೆಯ ದಾರಿ. ಬೇರೆ ಕಂಪೆನಿಗಳಲ್ಲಿ ಲೆನ್ಸ್‌ನ ಹಿಂಭಾಗ ತಿರುಗಿಸಿ ನೋಡಿ, ಲೋಹದ ಬಳೆಯ ಸುತ್ತ ತೆಳುವಾದ ರಬ್ಬರ್ ಅಂಚು ಇದೆಯಾ ಅಂತ. ಇಲ್ಲದಿದ್ದರೆ ಸೀಲ್ ಇಲ್ಲ ಅಂತಲೇ ತಿಳಿಯಿರಿ. ಇದ್ದರೂ ಪೂರ್ತಿ ಸೀಲ್ ಅನ್ನುವಂತಿಲ್ಲ. ಕೆಲವು ಲೆನ್ಸ್‌ಗಳಿಗೆ ಆ ಅಂಚು ಬಿಟ್ಟರೆ ಬೇರೆಲ್ಲೂ ಸೀಲ್ ಇರುವುದಿಲ್ಲ.

ಲೆನ್ಸ್ ಬದಲಿಸಲಾಗದ ಫ್ಯೂಜಿ ಎಕ್ಸ್100ವಿ ಮತ್ತು ಎಕ್ಸ್100-6ರಲ್ಲಿ ಇನ್ನೊಂದು ಸೂಕ್ಷ್ಮ ಉಂಟು. ಮುಂದುಗಡೆ ಅಡಾಪ್ಟರ್ ರಿಂಗ್ ಮತ್ತು ಫಿಲ್ಟರ್ ಹಾಕಿದರೆ ಮಾತ್ರ ಸೀಲ್ ಪೂರ್ತಿಯಾಗುತ್ತದೆ.

ವಿಡಿಯೋದವರಿಗೆ ಒಂದು ಎಚ್ಚರಿಕೆ. ಮೈಕ್, ಚಾರ್ಜಿಂಗ್ ಕೇಬಲ್, ಎಚ್‌ಡಿಎಂಐ ಯಾವುದನ್ನು ಚುಚ್ಚಬೇಕಾದರೂ ಪಕ್ಕದ ರಬ್ಬರ್ ಬಾಗಿಲು ತೆರೆಯಬೇಕು. ಅದು ತೆರೆದಿದ್ದಷ್ಟು ಹೊತ್ತು ಎಷ್ಟು ದುಬಾರಿ ಕ್ಯಾಮರಾ ಆದರೂ ಆ ಬದಿಯಲ್ಲಿ ಸೀಲ್ ಇಲ್ಲ.

ಸೀಲ್ ತಡೆಯದ ಮೂರು ಶತ್ರುಗಳು

ಮೊದಲನೆಯದು ತೇವದ ಗಾಳಿ. ಸೀಲ್ ಹನಿಯನ್ನು ತಡೆಯುತ್ತದೆ, ಗಾಳಿಯಲ್ಲಿರುವ ತೇವವನ್ನು ಪೂರ್ತಿ ತಡೆಯುವುದಿಲ್ಲ. ಜೂಮ್ ಮಾಡುವಾಗ ಲೆನ್ಸ್ ಉದ್ದವಾಗಿ ಗಿಡ್ಡವಾಗಿ ಗಾಳಿ ಒಳಗೆ ಎಳೆಯುತ್ತದೆ. ಮಳೆಗಾಲದಲ್ಲಿ ಚರ್ಮದ ಚಪ್ಪಲಿ, ಬೆಲ್ಟ್‌ಗೆ ಬೂಷ್ಟು ಹಿಡಿಯುವ ಹಾಗೆಯೇ ಲೆನ್ಸ್ ಒಳಗಿನ ಗಾಜಿಗೂ ಫಂಗಸ್ ಹಿಡಿಯುತ್ತದೆ. ಕತ್ತಲೆ, ತೇವ, ಗಾಳಿಯಾಡದ ಜಾಗ ಅದಕ್ಕೆ ಇಷ್ಟ. ಕಪಾಟಿನ ಒಳಗೆ ಬ್ಯಾಗ್‌ನಲ್ಲೇ ತಿಂಗಳುಗಟ್ಟಲೆ ಇಟ್ಟ ಕ್ಯಾಮರಾ, ಮಳೆಗೆ ಒಮ್ಮೆಯೂ ಹೋಗದಿದ್ದರೂ ಹಾಳಾಗುವುದು ಹೀಗೆ. ಮುಚ್ಚಳ ಬಿಗಿಯಾಗಿ ಕೂರುವ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ತೇವ ತೋರಿಸುವ ಸಣ್ಣ ಮೀಟರ್ ಇಷ್ಟಿದ್ದರೆ ಸಾಕು. ತೇವ 40ರಿಂದ 50 ಶೇಕಡಾ ಒಳಗಿರಲಿ.

ಎರಡನೆಯದು ಬೆವರುವಿಕೆ. ಎಸಿ ಹಾಲ್‌ನಿಂದ, ಎಸಿ ಕಾರಿನಿಂದ ಹೊರಗೆ ಬಂದ ಕೂಡಲೇ ಲೆನ್ಸ್ ಮಂಜಾಗುವುದು ಎಲ್ಲರೂ ನೋಡಿದ್ದೇ. ತಣ್ಣಗಿನ ಗಾಜಿನ ಮೇಲೆ ಹೊರಗಿನ ತೇವ ನೀರಾಗಿ ಕೂರುತ್ತದೆ. ಹೊರಗೆ ಬರುವ ಮೊದಲೇ ಕ್ಯಾಮರಾವನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಹೊರಗಿನ ಬಿಸಿಗೆ ಒಗ್ಗಿದ ಮೇಲೆ ತೆಗೆಯಿರಿ. ಮಂಜಾದಾಗ ಲೆನ್ಸ್ ಬಿಚ್ಚಬೇಡಿ, ಆ ತೇವ ಸೆನ್ಸರ್ ಮೇಲೂ ಕೂರುತ್ತದೆ.

ಮೂರನೆಯದು ಉಪ್ಪು. ಪಣಂಬೂರು, ಉಳ್ಳಾಲ, ಬೇಕಲದ ಕಡಲ ಬದಿಯಲ್ಲಿ ಅರ್ಧ ದಿನ ನಿಂತರೆ ಕನ್ನಡಕಕ್ಕೆ ಅಂಟಾಗುವ ಪೊರೆ ಕ್ಯಾಮರಾಕ್ಕೂ ಅಂಟುತ್ತದೆ. ಉಪ್ಪು ಲೋಹವನ್ನು ತಿನ್ನುತ್ತದೆ. ಮನೆಗೆ ಬಂದ ಮೇಲೆ ಸಿಹಿನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಹೊರಮೈ ಒರೆಸಿ, ನಂತರ ಒಣ ಬಟ್ಟೆಯಿಂದ ಒರೆಸಿ. ಕಡಲ ಬದಿಯಲ್ಲಿ ಲೆನ್ಸ್ ಬದಲಿಸುವ ಕೆಲಸ ಬೇಡವೇ ಬೇಡ. ಮಿರರ್‌ಲೆಸ್‌ನಲ್ಲಿ ಸೆನ್ಸರ್ ಮುಂದೆ ಕನ್ನಡಿಯೂ ಇಲ್ಲ, ಹೊಯ್ಗೆ ನೇರ ಒಳಗೆ ಹೋಗುತ್ತದೆ.

ದುಡ್ಡಿನ ಲೆಕ್ಕ

ಒಂದು ಉದಾಹರಣೆ ಹಿಡಿಯಿರಿ. ಸೀಲ್ ಇರುವ ಬಾಡಿ-ಲೆನ್ಸ್‌ಗೂ ಇಲ್ಲದ ಜೋಡಿಗೂ 60,000 ರೂಪಾಯಿ ವ್ಯತ್ಯಾಸ ಇದೆ, ನಾಲ್ಕು ವರ್ಷ ಬಳಸುತ್ತೀರಿ ಅಂದುಕೊಳ್ಳೋಣ. ವರ್ಷಕ್ಕೆ 15,000 ಬಿತ್ತು. ವರ್ಷದಲ್ಲಿ ಹತ್ತು ದಿನ ಮಾತ್ರ ಮಳೆಯಲ್ಲಿ ಕೆಲಸ ಇದ್ದರೆ, ಸೀಲ್‌ಗೆ ಒಂದು ದಿನಕ್ಕೆ 1,500 ರೂಪಾಯಿ ಕೊಟ್ಟ ಹಾಗಾಯಿತು. ಆ ಹತ್ತು ದಿನಕ್ಕೆ ಕೆಲವು ನೂರು ರೂಪಾಯಿಯ ರೈನ್ ಕವರ್, ಜತೆಗೆ ಕೊಡೆ ಹಿಡಿಯಲು ಒಬ್ಬ ಹುಡುಗ ಸಾಕು. ಅದೇ ಅರುವತ್ತು ದಿನ ಮಳೆಯಲ್ಲಿ ನಿಲ್ಲುವವರಿಗೆ ದಿನಕ್ಕೆ 250 ರೂಪಾಯಿ ಮಾತ್ರ. ಅವರು ಸೀಲ್ ಇಲ್ಲದ್ದನ್ನು ಕೊಂಡರೆ ಅದೇ ನಷ್ಟ.

ಹಾಗಾಗಿ, ಕಾಲೇಜಿನವರು, ವ್ಲಾಗ್ ಮಾಡುವವರು, ಮನೆಮಂದಿಯ ಫೋಟೋ ತೆಗೆಯುವವರಿಗೆ ಸಣ್ಣದೇ ಸರಿ. ಭಾರ ಅಂತ ಮನೆಯಲ್ಲೇ ಬಿಟ್ಟು ಹೋಗುವ ಕ್ಯಾಮರಾಕ್ಕೆ ಎಷ್ಟು ಸೀಲ್ ಇದ್ದು ಏನು ಪ್ರಯೋಜನ? ಮದುವೆ ಕೆಲಸದವರು ಹೆಚ್ಚು ಹೊತ್ತು ಹಾಲ್ ಒಳಗೇ ಇರುವುದರಿಂದ ಮೊದಲು ಎರಡು ಕಾರ್ಡ್ ಸ್ಲಾಟ್, ಕತ್ತಲೆಗೆ ಒದಗುವ ಲೆನ್ಸ್ ನೋಡಲಿ. ಸೀಲ್ ಅದರ ಜತೆ ಬಂದರೆ ಒಳ್ಳೆಯದು. ಕಡಲ್ಕೊರೆತ, ನೆರೆ, ಗುಡ್ಡ ಕುಸಿತದ ವರದಿಗೆ ಓಡುವವರು, ಹಕ್ಕಿ-ಕಾಡು ಅಂತ ತಿರುಗುವವರು ಬಾಡಿ, ಲೆನ್ಸ್ ಎರಡಕ್ಕೂ ಸೀಲ್ ಇರುವುದನ್ನೇ ಕೊಳ್ಳಲಿ. ನೀರಿನೊಳಗೇ ವಿಡಿಯೋ ಬೇಕಾದವರಿಗೆ ಈ ಎರಡೂ ಅಲ್ಲ. ಹತ್ತು ಮೀಟರ್ ಆಳದವರೆಗೆ ತಡೆಯುವ ಗೋಪ್ರೋದಂತಹ ಆಕ್ಷನ್ ಕ್ಯಾಮರಾ ಬೇರೆಯೇ ಉಂಟು.

ಕೊಳ್ಳುವಾಗ ನೋಡಬೇಕಾದ ಇನ್ನೆರಡು ವಿಷಯ. ಸೆಕೆಂಡ್ ಹ್ಯಾಂಡ್ ಕ್ಯಾಮರಾದಲ್ಲಿ 'ಸೀಲ್ ಇದೆ' ಎಂಬ ಮಾತಿಗೆ ಹೆಚ್ಚು ಬೆಲೆ ಕೊಡಬೇಡಿ. ರಬ್ಬರ್ ವರ್ಷ ಕಳೆದ ಹಾಗೆ ಗಡುಸಾಗುತ್ತದೆ, ಒಮ್ಮೆ ಬಿಚ್ಚಿ ರಿಪೇರಿ ಮಾಡಿದ್ದರೆ ಮೊದಲಿನಂತೆ ಕೂತಿದೆಯಾ ಅಂತ ಹೊರಗಿನಿಂದ ಗೊತ್ತಾಗದು. ಇನ್ನು ಗಲ್ಫ್‌ನಿಂದ ಅಣ್ಣನೋ ಮಾವನೋ ತರುವ ಕ್ಯಾಮರಾ ಆದರೆ, ಇಲ್ಲಿಯ ಸರ್ವಿಸ್ ಸೆಂಟರಿನಲ್ಲಿ ಅದರ ವಾರಂಟಿ ನಡೆಯುತ್ತದಾ ಅಂತ ತರಿಸುವ ಮೊದಲೇ ಕೇಳಿ. ಬಹಳಷ್ಟು ವಾರಂಟಿ ಕೊಂಡ ದೇಶಕ್ಕೆ ಮಾತ್ರ ಸೀಮಿತ. ಅಲ್ಲಿ ಉಳಿಸಿದ ದುಡ್ಡು ಇಲ್ಲಿ ಒಂದೇ ರಿಪೇರಿಗೆ ಹೋಗಬಹುದು.

ಅಂಗಡಿಗೆ ಹೋಗುವ ಮೊದಲು ಒಂದು ಚೀಟಿಯಲ್ಲಿ ಕಳೆದ ವರ್ಷ ಎಷ್ಟು ದಿನ ಮಳೆಯಲ್ಲಿ ಫೋಟೋ ತೆಗೆದಿರಿ, ಎಷ್ಟು ದಿನ ಭಾರ ಅಂತ ಕ್ಯಾಮರಾ ಮನೆಯಲ್ಲೇ ಬಿಟ್ಟಿರಿ ಎಂದು ಬರೆಯಿರಿ. ಯಾವ ಅಂಕಿ ದೊಡ್ಡದೋ ಅದೇ ಉತ್ತರ. ಯಾವುದನ್ನು ಕೊಂಡರೂ ಸಿಲಿಕಾ ಜೆಲ್ ಹಾಕಿದ ಡಬ್ಬಿಯೊಂದನ್ನು ಅದೇ ದಿನ ಕೊಂಡು ಬನ್ನಿ.