ನೂರಿಪ್ಪತ್ತೈದು ಕೋಣೆಯ ಮನೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ಮೈಸೂರು ಅರಮನೆಯವರು ಒಬ್ಬಳೇ ಹೆಣ್ಣುಮಗಳ ಸಲುವಾಗಿ ಎರಡನ್ನೂ ನೋಡಿದರು. ಮದುವೆಯಲ್ಲಿ ಒಂದು ಅರಮನೆ ಕಳೆದುಕೊಂಡರು, ಮದುವೆಯಾದ ಮೇಲೆ ಇನ್ನೊಂದನ್ನು ಕಟ್ಟಿಸಿಕೊಟ್ಟರು.

1897ರ ಫೆಬ್ರವರಿ. ಹತ್ತನೆಯ ಚಾಮರಾಜ ಒಡೆಯರು ಕಲ್ಕತ್ತೆಯಲ್ಲಿ ತೀರಿಕೊಂಡು ಎರಡು ವರ್ಷ ಕಳೆದಿತ್ತು. ಮಗ ನಾಲ್ವಡಿ ಕೃಷ್ಣರಾಜರು ಇನ್ನೂ ಬಾಲಕ. ರಾಜ್ಯಭಾರ ತಾಯಿ ವಾಣಿವಿಲಾಸ ಸನ್ನಿಧಾನದವರ ಕೈಯಲ್ಲಿತ್ತು. ಹಿರಿಯ ಮಗಳು ಜಯಲಕ್ಷ್ಮಮ್ಮಣ್ಣಿಗೆ ಸೋದರಮಾವ ಎಂ. ಕಾಂತರಾಜ ಅರಸರ ಜೊತೆ ಮದುವೆ. ನಮ್ಮ ಕಡೆ ಹುಡುಗಿಯನ್ನು ಮಾವನಿಗೆ ಕೊಡುವುದು ಬಡವರ ಮನೆಯಲ್ಲೂ ಇತ್ತು, ಅರಮನೆಯಲ್ಲೂ ಇತ್ತು. ಆ ಮದುವೆಯ ಗಡಿಬಿಡಿಯಲ್ಲಿ ಹೊತ್ತಿಕೊಂಡ ಬೆಂಕಿಗೆ ಮರದ ಹಳೆಯ ಅರಮನೆ ಸುಟ್ಟುಹೋಯಿತು. ಇವತ್ತು ದಸರಾದಲ್ಲಿ ದೀಪ ಹಚ್ಚಿಕೊಂಡು ನಿಲ್ಲುವ ಅರಮನೆ ಆ ಬೂದಿಯ ಮೇಲೆ ಎದ್ದದ್ದು. ಹೆನ್ರಿ ಇರ್ವಿನ್ ನಕ್ಷೆ ಬರೆದ. 1912ಕ್ಕೆ ಮುಗಿಯುವಾಗ ನಲವತ್ತೊಂದು ಲಕ್ಷದ ಮೇಲೆ ಖರ್ಚಾಗಿತ್ತು.

ಊರಿಗೆ ಊರೇ ಆ ದೊಡ್ಡ ಅರಮನೆಯನ್ನು ನೋಡುತ್ತಿದ್ದಾಗ, ಪಶ್ಚಿಮಕ್ಕೆ, ಕುಕ್ಕರಹಳ್ಳಿ ಕೆರೆಯ ಪಕ್ಕದ ದಿಬ್ಬದ ಮೇಲೆ ಆ ಮದುಮಗಳಿಗಾಗಿ ಬೇರೊಂದು ಮಹಲು ಸದ್ದಿಲ್ಲದೆ ಎದ್ದಿತು. 1905ರ ಹೊತ್ತಿಗೆ ಸಿದ್ಧವಾದ ಅದಕ್ಕೆ ಅವಳದೇ ಹೆಸರು: ಜಯಲಕ್ಷ್ಮಿ ವಿಲಾಸ. ಖರ್ಚು ಏಳು ಲಕ್ಷ. ಆರು ಎಕರೆಯ ಎತ್ತರದ ಜಾಗದಲ್ಲಿ ಒಂದಕ್ಕೊಂದು ಕೂಡಿಕೊಂಡ ಮೂರು ಭಾಗ. ಜೋಡಿ ಜೋಡಿಯಾಗಿ ನಿಂತ ಯುರೋಪು ಶೈಲಿಯ ಕಂಬಗಳು, ಮೇಲೆ ತ್ರಿಕೋನದ ಮುಖಮಂಟಪ, ಅದರಲ್ಲಿ ನಮ್ಮ ಗಜಲಕ್ಷ್ಮಿ. ಒಳಗೆ ಬಣ್ಣದ ಗಾಜಿನಿಂದ ಬೆಳಕು ಇಳಿಯುವ ಕಲ್ಯಾಣ ಮಂಟಪ. ತನ್ನ ಮದುವೆಯ ನೆಪದಲ್ಲಿ ಅರಮನೆ ಉರಿದದ್ದನ್ನು ಕಂಡ ಹೆಂಗಸಿನ ಮನೆಯೊಳಗೊಂದು ಮದುವೆಮಂಟಪ! ಕಟ್ಟಿಸಿದವರು ಹಾಗೆ ಯೋಚಿಸಿದ್ದರೋ ಇಲ್ಲವೋ, ನನಗಂತೂ ಪ್ರತಿಸಲ ಅದೇ ನೆನಪಾಗುತ್ತದೆ.

ಎಣಿಸಿದವರು ಕೊಡುವ ಲೆಕ್ಕ ಹೀಗಿದೆ: 125 ಕೋಣೆ, 300 ಕಿಟಕಿ, ಕೆತ್ತನೆಯ 287 ಬಾಗಿಲು. ಪ್ರವಾಸಿ ಪುಸ್ತಕಗಳಲ್ಲಿ ಇದನ್ನು ಹೆಮ್ಮೆಯಿಂದ ಬರೆದಿರುತ್ತಾರೆ. ನನಗೆ ಇದು ಹೆಮ್ಮೆಗಿಂತ ಹೆಚ್ಚಾಗಿ ಕೂಲಿಯ ಲೆಕ್ಕವಾಗಿ ಕಾಣುತ್ತದೆ. ಒಬ್ಬ ಆಳು ದಿನಕ್ಕೊಂದರಂತೆ ಧೂಳು ಹೊಡೆದು, ಉಪ್ಪುಕಾಗದ ಉಜ್ಜಿ, ಎಣ್ಣೆ ಹಚ್ಚುತ್ತ ಹೋದರೆ ಕೊನೆಯ ಕಿಟಕಿ ಮುಟ್ಟುವುದಕ್ಕೆ ಒಂದೂವರೆ ವರ್ಷ ಮೀರುತ್ತದೆ. ಅಷ್ಟು ಹೊತ್ತಿಗೆ ಅವನು ಮೊದಲು ಮುಟ್ಟಿದ ಬಾಗಿಲ ಮೇಲೆ ಎರಡು ಮಳೆಗಾಲ ಬಿದ್ದಿರುತ್ತದೆ. ರಾಜಕುಮಾರಿಯ ಕಾಲದಲ್ಲಿ ಇದು ಚಿಂತೆಯ ವಿಷಯವಾಗಿರಲಿಲ್ಲ. ಅರಮನೆಯ ಊಳಿಗದವರಿದ್ದರು, ಕಾಂತರಾಜ ಅರಸರೂ ಸಾಮಾನ್ಯರಲ್ಲ; ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟ ಮೇಲೆ ಆ ಕುರ್ಚಿಯಲ್ಲಿ ಕೂತವರು. ಅವರು 1923ರಲ್ಲಿ ತೀರಿಕೊಂಡರು.

ಆಮೇಲೆ ಕಾಲ ತಿರುಗಿತು. ಸ್ವಾತಂತ್ರ್ಯ ಬಂತು, ಸಂಸ್ಥಾನ ಹೋಯಿತು. ಮೈಸೂರು ಮಹಾರಾಜರಿಗೆ ವರ್ಷಕ್ಕೆ 26 ಲಕ್ಷ ರೂಪಾಯಿ ರಾಜಧನ ಅಂತ ಗೊತ್ತಾಯಿತು, 1971ರಲ್ಲಿ ಅದೂ ನಿಂತಿತು. ಒಂದು ರಾಜ್ಯದ ಬೊಕ್ಕಸ ನೋಡಿಕೊಳ್ಳುತ್ತಿದ್ದ ಮಹಲುಗಳನ್ನು ಇನ್ನು ಯಾರು ನೋಡಿಕೊಳ್ಳಬೇಕು? ಮೈಸೂರಿನಲ್ಲಿ ಇಂಥವು ಒಂದೆರಡಲ್ಲ. ಮೂರನೆಯ ರಾಜಕುಮಾರಿ ಚೆಲುವಾಜಮ್ಮಣ್ಣಿಯವರ ಚೆಲುವಾಂಬ ವಿಲಾಸಕ್ಕೆ 1950ರಲ್ಲಿ ಕೇಂದ್ರೀಯ ಆಹಾರ ಸಂಶೋಧನಾಲಯ ಬಂತು. ಊರಿನವರ ಬಾಯಲ್ಲಿ ಸಿ.ಎಫ್.ಟಿ.ಆರ್.ಐ. ಕಾರಂಜಿ ಕೆರೆಯ ಪಕ್ಕದ ಮಹಲಿನಲ್ಲಿ ಅಂಚೆ ಇಲಾಖೆಯ ತರಬೇತಿ ಕೇಂದ್ರ. ವೈಸರಾಯ್ ಥರದ ಅತಿಥಿಗಳಿಗೆಂದು ಕಟ್ಟಿಸಿದ ಲಲಿತಮಹಲು 1974ರಲ್ಲಿ ಹೋಟೆಲಾಯಿತು.

ಚಿತ್ತರಂಜನ ಮಹಲಿನ ಕತೆ ಇವೆಲ್ಲಕ್ಕಿಂತ ವಿಚಿತ್ರ. ಅದು ಪ್ರೀಮಿಯರ್ ಸ್ಟುಡಿಯೊ ಆಯಿತು. ಕನ್ನಡ ಸಿನಿಮಾ ನೋಡಿ ಬೆಳೆದ ಒಂದಿಡೀ ತಲೆಮಾರಿಗೆ ಆ ಹೆಸರು ಗೊತ್ತು. 1989ರ ಫೆಬ್ರವರಿ 8ರಂದು ಟಿಪ್ಪು ಸುಲ್ತಾನನ ಧಾರಾವಾಹಿಯ ಚಿತ್ರೀಕರಣ ನಡೆಯುತ್ತಿದ್ದಾಗ ಅಲ್ಲಿನ ಸೆಟ್ಟಿಗೆ ಬೆಂಕಿ ಬಿದ್ದು 62 ಜನ ಸತ್ತರು. ಮಹಲು ಉಳಿಯಿತು. ಈಗ ಗ್ರೀನ್ ಹೋಟೆಲ್ ಎಂಬ ಹೆಸರಿನಲ್ಲಿ, ಲಾಭವನ್ನು ಧರ್ಮಕಾರ್ಯಕ್ಕೆ ಕೊಡುವ ಏರ್ಪಾಟಿನಲ್ಲಿ, ತೋಟದ ನಡುವೆ ಕಾಫಿ ಕೊಡುತ್ತದೆ.

ಜಯಲಕ್ಷ್ಮಿ ವಿಲಾಸಕ್ಕೆ ಬಂದ ಗಿರಾಕಿ ಮಾತ್ರ ಕವಿ.

ಕುವೆಂಪು 1956ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಕುಲಪತಿಗಳಾದರು. ಅಲ್ಲೇ ಓದಿ ಅಲ್ಲಿಗೇ ಕುಲಪತಿಯಾದ ಮೊದಲಿಗರು ಅವರು. 1916ರಲ್ಲಿ ಹುಟ್ಟಿದ ವಿಶ್ವವಿದ್ಯಾಲಯಕ್ಕೆ ನಲವತ್ತು ವರ್ಷವಾದರೂ ತನ್ನದೆನ್ನುವ ಬಯಲು ಇರಲಿಲ್ಲ. ಮಹಾರಾಜ ಕಾಲೇಜಿನಲ್ಲಿ ಒಂದಷ್ಟು, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಒಂದಷ್ಟು ಸ್ನಾತಕೋತ್ತರ ತರಗತಿಗಳು ನಡೆಯುತ್ತಿದ್ದವು. ಎಲ್ಲವೂ ಒಂದೇ ಕಡೆ ಇರಬೇಕು, ಸುತ್ತ ಗಿಡಮರ ಇರಬೇಕು ಅನ್ನುವುದು ಕುಲಪತಿಗಳ ಹಟ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಅವರು ತಿರುಗಾಡದ ದಿನ ಕಡಿಮೆ. ಹಾಗೆ ನಡೆಯುವವರ ಕಣ್ಣಿಗೆ ದಿಬ್ಬದ ಮೇಲಿನ ಮಹಲು ಬೀಳದೆ ಇರುತ್ತದೆಯೆ? 1959ರಲ್ಲಿ ವಿಶ್ವವಿದ್ಯಾಲಯ ಅದನ್ನು ವಹಿಸಿಕೊಂಡಿತು. ಆ ಬಯಲಿಗೆ ಅವರು ಇಟ್ಟ ಹೆಸರು ಮಾನಸಗಂಗೋತ್ರಿ. ಇಂದು ಏಳುನೂರು ಎಕರೆ ಮೀರಿದ ಆ ಕ್ಯಾಂಪಸ್ಸಿಗೆ ಈ ಮಹಲೇ ಮೂಲ.

ಆಗ ಸರ್ಕಾರಿ ದುಡ್ಡಿನಲ್ಲಿ ರಾಜಕುಮಾರಿಯ ಮನೆ ಯಾಕೆ, ನಾಲ್ಕು ಕಾಂಕ್ರೀಟ್ ಕಟ್ಟಡ ಎಬ್ಬಿಸಬಾರದೆ ಅಂತ ಕೇಳಬಹುದಿತ್ತು. ನನ್ನ ಮಟ್ಟಿಗೆ ಕುವೆಂಪು ಮಾಡಿದ ವ್ಯವಹಾರಗಳಲ್ಲೆಲ್ಲ ಇದೇ ಜಾಣತನದ್ದು. ಆ ಗಳಿಗೆಯಲ್ಲಿ ಖಾಸಗಿಯವರ ಪಾಲಾಗಿದ್ದರೆ ಆ ದಿಬ್ಬದ ಮೇಲೆ ಇವತ್ತು ಸೈಟುಗಳಿರುತ್ತಿದ್ದವು.

ಮಹಲು ಬಂತು. ಅದರೊಳಗೆ ಏನಿಡುವುದು? ಇದಕ್ಕೆ ಉತ್ತರ ಹಳ್ಳಿಗಳಿಂದ ಬಂತು. 1960ರ ದಶಕದ ಕೊನೆಯಲ್ಲಿ ಕನ್ನಡ ಅಧ್ಯಯನ ಸಂಸ್ಥೆಯವರು ಜಾನಪದ ವಸ್ತುಗಳನ್ನು ಕೂಡಿಸಲು ಶುರುಮಾಡಿದರು. ಸಾಹಿತಿ ದೇಜಗೌ ಅವರ ಬೆಂಬಲ, ಜಾನಪದ ವಿದ್ವಾಂಸ ಜೀ.ಶಂ. ಪರಮಶಿವಯ್ಯನವರ ಉಮೇದು, ಕಲಾವಿದ ಪಿ.ಆರ್. ತಿಪ್ಪೇಸ್ವಾಮಿಯವರ ಕಣ್ಣು. ಊರೂರು ತಿರುಗಿ ತಂದದ್ದು ಆರೂವರೆ ಸಾವಿರ ದಾಟಿತು. ಸೋಮನ ಕುಣಿತದ ಮುಖವಾಡ, ತೊಗಲುಗೊಂಬೆ, ಯಕ್ಷಗಾನದ ಕಿರೀಟ ಭುಜಕೀರ್ತಿ, ನೇಗಿಲು ನೊಗ, ಕೊಳಗ ಬಳ್ಳ, ದೀಪದ ಕಂಬ. ಅಟ್ಟದ ಮೇಲೆ ಗೆದ್ದಲು ತಿನ್ನಬೇಕಾಗಿದ್ದ ಸಾಮಾನು ರಾಜಕುಮಾರಿಯ ಪಡಸಾಲೆಯಲ್ಲಿ ಬಂದು ಕೂತಿತು. ಒಕ್ಕಲು ಮಕ್ಕಳ ಕೊಳಗಕ್ಕೆ ಅರಮನೆಯ ಕೋಣೆ! ಅಜಾಯಬಖಾನೆ ಎಂದು ನಮ್ಮ ಹಿರಿಯರು ಕರೆಯುತ್ತಿದ್ದದ್ದರಲ್ಲಿ ಇಷ್ಟು ಸರಿಯಾದ ಸೇಡು ಇನ್ನೊಂದಿಲ್ಲ. ಮುಂದೆ ಕನ್ನಡ ಸಾಹಿತಿಗಳು ಬಳಸುತ್ತಿದ್ದ ವಸ್ತುಗಳಿಗೂ ಅಲ್ಲೊಂದು ಕೋಣೆಯಾಯಿತು.

ಕೊಂಡದ್ದಾಯಿತು, ತುಂಬಿದ್ದಾಯಿತು. ಉಳಿಸಿಕೊಳ್ಳುವ ಕತೆ ಬೇರೆ.

ಇಂಥ ಕಟ್ಟಡ ಕೆಡುವುದು ಹೇಗೆಂದು ಒಂದಿಷ್ಟು ಹತ್ತಿರದಿಂದ ನೋಡಬೇಕು. ಇದರ ಗೋಡೆ ಸುಟ್ಟ ಇಟ್ಟಿಗೆ, ಸುಣ್ಣದ ಗಾರೆ. ಆ ಕಾಲದ ತಾರಸಿಗೆ ಮದ್ರಾಸ್ ತಾರಸಿ ಎನ್ನುತ್ತಾರೆ: ಗೋಡೆಯಿಂದ ಗೋಡೆಗೆ ತೇಗದ ತೊಲೆ, ಅದರ ಮೇಲೆ ಸಣ್ಣ ಇಟ್ಟಿಗೆಗಳನ್ನು ನಿಲ್ಲಿಸಿ ಓರೆಯಾಗಿ ಜೋಡಿಸಿ ಗಾರೆಯಲ್ಲಿ ಕೂರಿಸುವುದು, ಮೇಲೆ ಇಟ್ಟಿಗೆ ಜಲ್ಲಿ ಮತ್ತು ಸುಣ್ಣ ಹಾಕಿ ಮರದ ಕೊಡತಿಯಿಂದ ದಿನಗಟ್ಟಲೆ ಬಡಿಯುವುದು. ಗಾರೆಗೆ ಬೆಲ್ಲದ ನೀರು, ಅಳಲೆಕಾಯಿ ರಸ ಬೆರೆಸುವ ವಾಡಿಕೆ ಇತ್ತು. ಸುಣ್ಣ ಉಸಿರಾಡುತ್ತದೆ ಎಂಬುದು ಹಳೇ ಗಾರೆ ಕೆಲಸದವರ ಮಾತು. ಮಳೆಯಲ್ಲಿ ತೇವ ಹೀರಿ ಬಿಸಿಲಲ್ಲಿ ಬಿಡುತ್ತದೆ. ಹಾಗಾಗಿಯೇ ನೂರು ವರ್ಷ ನಿಂತದ್ದು.

ಇದಕ್ಕೆ ಶತ್ರು ದೊಡ್ಡ ಮಳೆಯಲ್ಲ, ಕಟ್ಟಿಕೊಂಡ ದೋಣಿ. ತಾರಸಿಯ ನೀರು ಹೊರಗೆ ಹೋಗುವ ಕೊಳವೆಯಲ್ಲಿ ಒಂದು ಹಿಡಿ ಎಲೆ, ಪಾರಿವಾಳದ ಒಂದು ಗೂಡು ಸಿಕ್ಕಿಕೊಂಡರೆ ಸಾಕು. ನೀರು ನಿಲ್ಲುತ್ತದೆ, ಗೋಡೆಯ ಅಂಚಿಗೆ ಇಳಿಯುತ್ತದೆ. ಅಲ್ಲಿ ತೊಲೆಯ ತುದಿ ಗೋಡೆಯೊಳಗೆ ಕೂತಿರುತ್ತದೆ. ಹೊರಗಿನಿಂದ ನೋಡಿದರೆ ತೊಲೆ ಕಬ್ಬಿಣದ ಹಾಗಿದೆ; ಗೋಡೆಯೊಳಗಿನ ಒಂದು ಗೇಣು ಮಾತ್ರ ಒದ್ದೆಯಾಗಿ, ಕೊನೆಗೆ ನೆನೆಸಿದ ಬ್ರೆಡ್ಡಿನಂತಾಗಿರುತ್ತದೆ. ಯಾರೋ ಸೋರಿಕೆ ನೋಡಿ ಮೇಲೆ ಸಿಮೆಂಟು ಮೆತ್ತುತ್ತಾರೆ. ಅಲ್ಲಿಗೆ ಮುಗಿಯಿತು. ಸಿಮೆಂಟು ಉಸಿರಾಡುವುದಿಲ್ಲ, ಒಳಗಿನ ತೇವ ಒಳಗೇ ಕೊಳೆಯುತ್ತದೆ. ಬಿರುಕಿನಲ್ಲಿ ಹಕ್ಕಿ ಹಾಕಿದ ಅರಳಿ ಬೀಜ ಚಿಗುರುತ್ತದೆ. ಅರಳಿ ಅಂತ ಕೀಳಲು ಆಳುಗಳು ಹೆದರುತ್ತಾರೆ.

ಇದನ್ನು ಮೈಸೂರು ನೋಡಿ ತಿಳಿದುಕೊಂಡಿದೆ. ಅರಮನೆಯ ಹತ್ತಿರದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟಿನಲ್ಲಿ ಕುಸಿದು ಜೀವಹಾನಿಯಾಯಿತು. 2016ರ ಆಗಸ್ಟಿನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಬದಿ ಬಿತ್ತು, ಅದೂ ದುರಸ್ತಿ ನಡೆಯುತ್ತಿದ್ದಾಗಲೇ. ಎರಡೂ ಆಗಸ್ಟು; ತೇವ ಕುಡಿದು ಕುಡಿದು ಗೋಡೆ ಭಾರವಾಗುವ ತಿಂಗಳು.

ಜಯಲಕ್ಷ್ಮಿ ವಿಲಾಸವೂ ಶತಮಾನ ಮುಗಿಯುವ ಹೊತ್ತಿಗೆ ಹದಗೆಟ್ಟಿತ್ತು. ಆಗ ಇನ್ಫೋಸಿಸ್ ಪ್ರತಿಷ್ಠಾನ ಮುಂದೆ ಬಂತು. 2002ರಲ್ಲಿ 1.17 ಕೋಟಿ ರೂಪಾಯಿಯಲ್ಲಿ ಜೀರ್ಣೋದ್ಧಾರವಾಯಿತು. ಏಳು ಲಕ್ಷದಲ್ಲಿ ಕಟ್ಟಿದ ಮನೆಗೆ ನೂರಹದಿನೇಳು ಲಕ್ಷದ ರಿಪೇರಿ ಅಂತ ಕೇಳಿ ನಕ್ಕವರುಂಟು. 1905ರ ಏಳು ಲಕ್ಷಕ್ಕೆ ಇವತ್ತಿನ ಬೆಲೆ ಕಟ್ಟಿ ನೋಡಿದರೆ ನಗು ನಿಲ್ಲುತ್ತದೆ. ಗೋಡೆ ಬಿಳಿಯಾಯಿತು, ಬಣ್ಣದ ಗಾಜು ಮತ್ತೆ ಹೊಳೆಯಿತು, ಶಾಲೆಯ ಮಕ್ಕಳು ಸಾಲುಗಟ್ಟಿ ಬಂದು ಸೋಮನ ಮುಖ ನೋಡಿ ಹೆದರಿ ನಕ್ಕರು.

ಎರಡು ದಶಕದೊಳಗೆ ಮತ್ತದೇ ಪಾಡು. ತಾರಸಿ ಸೋರಿತು, ಗಾರೆ ಉದುರಿತು, ಪ್ರವಾಸಿಗರಿಗೆ ಬಾಗಿಲು ಹಾಕಬೇಕಾಯಿತು. ಈಗ ಪಶ್ಚಿಮದ ಭಾಗದ ಜೀರ್ಣೋದ್ಧಾರಕ್ಕೆ ಅಮೆರಿಕದ ರಾಯಭಾರಿಗಳ ಸಾಂಸ್ಕೃತಿಕ ಸಂರಕ್ಷಣಾ ನಿಧಿಯಿಂದ ಹಣ ಬಂದಿದೆ, ಡೆಕ್ಕನ್ ಹೆರಿಟೇಜ್ ಫೌಂಡೇಷನ್ ಕೈಜೋಡಿಸಿದೆ. ಮೈಸೂರು ರಾಜಕುಮಾರಿಯ ಮನೆಯಲ್ಲಿ ಮಂಡ್ಯದ ಕೊಳಗ, ಅದರ ಸೂರಿಗೆ ವಾಷಿಂಗ್‌ಟನ್ನಿನ ದುಡ್ಡು. ಕೊಟ್ಟವರಿಗೆ ಕೈಮುಗಿಯೋಣ. ಆದರೆ ಇಪ್ಪತ್ತು ವರ್ಷಕ್ಕೊಮ್ಮೆ ದಾನಿಗಳನ್ನು ಹುಡುಕುವುದಕ್ಕೆ ನಿರ್ವಹಣೆ ಎಂಬ ಹೆಸರು ಒಪ್ಪುವುದಿಲ್ಲ.

ನಮ್ಮಜ್ಜಿಯ ಮನೆ ಹೆಂಚಿನದು, ಮೂರು ಅಂಕಣದ ತೊಟ್ಟಿಮನೆ. ರೋಹಿಣಿ ಮಳೆಗೆ ಮುಂಚೆ ಒಬ್ಬ ಆಳನ್ನು ಕರೆಸಿ ಹೆಂಚು ಕೈಯಾಡಿಸುತ್ತಿದ್ದರು. ಒಡೆದದ್ದು ತೆಗೆದು ಹೊಸದು ಸೇರಿಸಿ, ಸರಿದದ್ದನ್ನು ಕೂರಿಸಿ, ದೋಣಿಯ ಕಸ ಬಳಿದು ಹಾಕುವುದು. ಎರಡು ದಿನದ ಕೂಲಿ, ಒಂದು ಸೇರು ಅಕ್ಕಿ, ಎಲೆಅಡಿಕೆ. ಅಜ್ಜಿ ಇರುವ ತನಕ ಆ ಮನೆ ಸೋರಲಿಲ್ಲ. ಅವರು ಹೋದ ಮೇಲೆ ನಾವು ಮೊಮ್ಮಕ್ಕಳು ವಾಟ್ಸ್‌ಆ್ಯಪ್ ಗುಂಪು ಮಾಡಿಕೊಂಡು ಮನೆಯನ್ನು ಹೇಗೆ ಉಳಿಸುವುದೆಂದು ಮೂರು ವರ್ಷ ಚರ್ಚಿಸಿದೆವು. ನಾಲ್ಕನೆಯ ವರ್ಷ ಅಡುಗೆಮನೆಯ ಸೂರು ಬಿತ್ತು.

ಸಿ.ಎಫ್.ಟಿ.ಆರ್.ಐ ಮಹಲಿಗೂ ಗ್ರೀನ್ ಹೋಟೆಲಿಗೂ ಒಂದು ಅನುಕೂಲವಿದೆ. ದಿನವೂ ಜನ ಒಳಗಿರುತ್ತಾರೆ. ತಲೆಯ ಮೇಲೆ ಒಂದು ಹನಿ ಬಿದ್ದರೆ ಯಾರಾದರೂ ಕೂಗಾಡುತ್ತಾರೆ. ವಸ್ತುಸಂಗ್ರಹಾಲಯದಲ್ಲಿ ಹನಿ ಬೀಳುವುದು ಸೋಮನ ಮುಖವಾಡದ ಮೇಲೆ, ಅದು ಕೂಗುವುದಿಲ್ಲ. ಆದ್ದರಿಂದ ಬಾಗಿಲು ಹಾಕಿಡುವುದು ರಕ್ಷಣೆ ಎಂದು ನಾನಂತೂ ಒಪ್ಪಲಾರೆ. ಸುಭದ್ರವಾದ ಒಂದೆರಡು ಕೋಣೆಯನ್ನಾದರೂ ಪಾಠಕ್ಕೆ, ಗೋಷ್ಠಿಗೆ, ಭಾನುವಾರದ ಜಾನಪದ ಹಾಡಿಗೆ ತೆರೆದಿಡಬೇಕು.

ವಿಶ್ವವಿದ್ಯಾಲಯದವರಲ್ಲಿ ಬೇಡಿಕೆ ಚಿಕ್ಕದು. ಪಶ್ಚಿಮ ಭಾಗದ ಕೆಲಸ ಮುಗಿದು ಉದ್ಘಾಟನೆಯ ಹಾರ ತುರಾಯಿ ಎಲ್ಲ ಆದ ಮೇಲೆ, ಮುಂದಿನ ಬಜೆಟ್ಟಿನಲ್ಲಿ ಒಂದು ಸಾಲು ಸೇರಿಸಿ: ಪ್ರತಿ ಮೇ ತಿಂಗಳು ಜಯಲಕ್ಷ್ಮಿ ವಿಲಾಸದ ತಾರಸಿ ಗುಡಿಸಿ ನೀರಿನ ಕೊಳವೆ ಬಳಿಯಲು ಇಬ್ಬರು ಆಳು, ಸುಣ್ಣದ ಕೆಲಸ ಬಲ್ಲ ಒಬ್ಬ ಗಾರೆಯವನು. ಅದಕ್ಕೆ ಯಾವ ರಾಯಭಾರಿಯೂ ಬರಬೇಕಾಗಿಲ್ಲ.