ಮಧ್ಯಮ ಶ್ರೇಣಿಯ ಸ್ಮಾರ್ಟ್‌ಫೋನ್

ಮಧ್ಯಮ ಶ್ರೇಣಿಯ ಸ್ಮಾರ್ಟ್‌ಫೋನ್ ಎಂದರೆ ಅಗ್ಗದ ಪ್ರಾರಂಭಿಕ ಹಂತದ ಫೋನುಗಳಿಗೂ ದುಬಾರಿಯಾದ ಉನ್ನತ ಶ್ರೇಣಿಯ ಫೋನುಗಳಿಗೂ ನಡುವಣ ಬೆಲೆಯಲ್ಲಿ ಮಾರಾಟವಾಗುವ ಸ್ಮಾರ್ಟ್‌ಫೋನ್. ಈ ವರ್ಗಕ್ಕೆ ಕಾನೂನಿನಲ್ಲಾಗಲಿ ತಾಂತ್ರಿಕ ಮಾನಕಗಳಲ್ಲಾಗಲಿ ನಿಶ್ಚಿತ ವ್ಯಾಖ್ಯೆಯಿಲ್ಲ. ಭಾರತದ ಮಾರುಕಟ್ಟೆಯಲ್ಲಿ ಸುಮಾರು 15,000ದಿಂದ 30,000 ರೂಪಾಯಿಗಳವರೆಗಿನ ಫೋನುಗಳನ್ನು ಸಾಮಾನ್ಯವಾಗಿ ಈ ಹೆಸರಿನಿಂದ ಗುರುತಿಸಲಾಗುತ್ತದೆ. ಸೀಮಿತ ಹಣದಲ್ಲಿ ಇಂತಹ ಫೋನನ್ನು ಆರಿಸುವಾಗ ಅದರ ಬಾಳಿಕೆಯ ಅವಧಿ, ಊರಿನಲ್ಲಿ ದೊರೆಯುವ ಸಂಪರ್ಕಜಾಲದೊಂದಿಗೆ ಅದರ ಹೊಂದಾಣಿಕೆ, ದುರಸ್ತಿಯ ಅನುಕೂಲ ಹಾಗೂ ಬಳಕೆದಾರರ ಭಾಷೆಗೆ ಇರುವ ಬೆಂಬಲ ಮುಖ್ಯ ಅಂಶಗಳಾಗುತ್ತವೆ.

ಹಿನ್ನೆಲೆ

ಭಾರತದಲ್ಲಿ ಈ ಶ್ರೇಣಿಯ ಬೆಳವಣಿಗೆಗೆ ಆನ್‌ಲೈನ್ ಮಾರಾಟ ಮುಖ್ಯ ಕಾರಣವಾಯಿತು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಫ್ಲಿಪ್‌ಕಾರ್ಟ್ ಸಂಸ್ಥೆಯು 2014ರ ಫೆಬ್ರವರಿಯಲ್ಲಿ ಮೋಟೊ ಜಿ ಫೋನನ್ನು 12,499 ರೂಪಾಯಿಗಳ ಆರಂಭಿಕ ಬೆಲೆಗೆ ಮಾರಾಟಕ್ಕಿಟ್ಟಿತು. ಅದೇ ವರ್ಷದ ಜುಲೈನಲ್ಲಿ ಶಿಯೋಮಿ ಕಂಪನಿಯ ಎಂಐ 3 ಫೋನ್ 13,999 ರೂಪಾಯಿಗೆ ಬಂದಿತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ 4ಜಿ ಸೇವೆ ಆರಂಭವಾದ ನಂತರ ಅಂತರ್ಜಾಲದ ದರ ಇಳಿದು, ಸ್ಮಾರ್ಟ್‌ಫೋನ್ ಗ್ರಾಮೀಣ ಕುಟುಂಬಗಳ ಅಗತ್ಯ ವಸ್ತುಗಳಲ್ಲಿ ಒಂದಾಯಿತು.

2020ರ ಏಪ್ರಿಲ್ 1ರಿಂದ ಮೊಬೈಲ್ ಫೋನುಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆಯನ್ನು ಶೇ. 12ರಿಂದ ಶೇ. 18ಕ್ಕೆ ಏರಿಸಲಾಯಿತು. ಇದರಿಂದಾಗಿ ತೆರಿಗೆಯೂ ಸೇರಿ 20,000 ರೂಪಾಯಿ ಬೆಲೆಯಿರುವ ಫೋನಿನಲ್ಲಿ ಸುಮಾರು 3,050 ರೂಪಾಯಿ ತೆರಿಗೆಯೇ ಆಗಿರುತ್ತದೆ.

ಗ್ರಾಮೀಣ ಕರ್ನಾಟಕದಲ್ಲಿ ಬಳಕೆ

ಕರ್ನಾಟಕದಲ್ಲಿ ಶಿಕ್ಷಣ, ಕೃಷಿ ಮತ್ತು ಹಣಕಾಸಿನ ಹಲವು ವ್ಯವಹಾರಗಳು ಸ್ಮಾರ್ಟ್‌ಫೋನನ್ನು ಅವಲಂಬಿಸಿವೆ. ಕೋವಿಡ್-19 ಸಾಂಕ್ರಾಮಿಕದ ಕಾರಣ ಶಾಲೆಗಳು ಮುಚ್ಚಿದ್ದಾಗ, 2020ರಲ್ಲಿ ರಾಜ್ಯದ ಶಿಕ್ಷಣ ಇಲಾಖೆಯು ಆರಂಭಿಸಿದ ವಿದ್ಯಾಗಮ ಕಾರ್ಯಕ್ರಮದಲ್ಲಿ ಮಕ್ಕಳನ್ನು ಅವರ ಮನೆಯಲ್ಲಿರುವ ಸಾಧನದ ಆಧಾರದ ಮೇಲೆ ಗುಂಪುಗಳಾಗಿ ವಿಂಗಡಿಸಲಾಗಿತ್ತು: ಯಾವ ಸಾಧನವೂ ಇಲ್ಲದವರು, ಸಾಮಾನ್ಯ ಮೊಬೈಲ್ ಇರುವವರು ಮತ್ತು ಅಂತರ್ಜಾಲ ಸಹಿತ ಸ್ಮಾರ್ಟ್‌ಫೋನ್ ಇರುವವರು. ಅದೇ ವರ್ಷ ರೈತರೇ ತಮ್ಮ ಜಮೀನಿನ ಬೆಳೆಯ ಛಾಯಾಚಿತ್ರ ತೆಗೆದು ವಿವರ ದಾಖಲಿಸುವ ಬೆಳೆ ಸಮೀಕ್ಷೆ ಆ್ಯಪ್ ಬಳಕೆಗೆ ಬಂದಿತು. ನಿಂತ ಸ್ಥಳದ ಸರ್ವೆ ನಂಬರನ್ನು ತೋರಿಸುವ ದಿಶಾಂಕ್ ಆ್ಯಪ್ ಕೂಡ ಫೋನಿನ ಸ್ಥಾನ ಗುರುತಿಸುವ ಶಕ್ತಿಯನ್ನೇ ನೆಚ್ಚಿಕೊಂಡಿದೆ.

ಮೈಸೂರು ಜಿಲ್ಲೆಯ ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳ ಭಾಗದಲ್ಲಿರುವ ದೇವನೂರಿನಂತಹ ಕೃಷಿ ಪ್ರಧಾನ ಗ್ರಾಮಗಳಲ್ಲಿ ಒಂದೇ ಫೋನನ್ನು ಮನೆಯ ಹಲವರು ಬಳಸುವುದುಂಟು. ಹಗಲು ಗದ್ದೆಯಲ್ಲಿ ಬೆಳೆಯ ಚಿತ್ರ ತೆಗೆಯಲು, ಅಂಗಡಿಯಲ್ಲಿ ಯುಪಿಐ ಮೂಲಕ ಹಣ ಪಾವತಿಸಲು, ಸಂಜೆ ಮಕ್ಕಳ ಪಾಠಕ್ಕೆ ಅದೇ ಫೋನ್ ಬೇಕಾಗುತ್ತದೆ. ಅದು ಕೆಟ್ಟರೆ ಇಡೀ ಮನೆಯ ವ್ಯವಹಾರ ನಿಲ್ಲುತ್ತದೆ. ದುರಸ್ತಿಗೆಂದು ಮೈಸೂರು ನಗರಕ್ಕೆ ಹೋಗಬೇಕಾಗಿ ಬಂದರೆ ಬಸ್ಸಿನ ಖರ್ಚಿನೊಂದಿಗೆ ಒಂದು ದಿನದ ಕೂಲಿಯೂ ಕಳೆದುಹೋಗುತ್ತದೆ. ಆದ್ದರಿಂದ ಇಂತಹ ಕುಟುಂಬಕ್ಕೆ ಫೋನಿನ ನಿಜವಾದ ಬೆಲೆ ಅಂಗಡಿಯಲ್ಲಿ ಕೊಟ್ಟ ಮೊತ್ತಕ್ಕಿಂತ ಹೆಚ್ಚಿನದು.

ಬೆಲೆಯ ಲೆಕ್ಕಾಚಾರ

ಎರಡು ಫೋನುಗಳನ್ನು ಹೋಲಿಸುವಾಗ ಒಟ್ಟು ಬೆಲೆಯನ್ನು ಬಳಕೆಯ ವರ್ಷಗಳಿಂದ ಭಾಗಿಸಿ ನೋಡುವುದು ಉಪಯುಕ್ತ ವಿಧಾನ. ಉದಾಹರಣೆಗೆ, 12,000 ರೂಪಾಯಿಯ ಫೋನ್ ಎರಡು ವರ್ಷ ಮಾತ್ರ ಬಾಳಿದರೆ ತಿಂಗಳಿಗೆ 500 ರೂಪಾಯಿ ಬೀಳುತ್ತದೆ. 18,000 ರೂಪಾಯಿಯ ಫೋನ್ ನಾಲ್ಕು ವರ್ಷ ಬಾಳಿದರೆ ತಿಂಗಳಿಗೆ 375 ರೂಪಾಯಿ ಆಗುತ್ತದೆ. ನಡುವೆ ಒಮ್ಮೆ ಬ್ಯಾಟರಿ ಬದಲಿಸಲು 2,000 ರೂಪಾಯಿ ತಗಲಿತೆಂದು ಭಾವಿಸಿದರೂ ಎರಡನೆಯ ಫೋನಿನ ಮಾಸಿಕ ವೆಚ್ಚ ಸುಮಾರು 417 ರೂಪಾಯಿಯಷ್ಟೆ. ಆದರೆ ಹೆಚ್ಚಿನ ಬೆಲೆಯೆಲ್ಲ ಹೆಚ್ಚಿನ ಬಾಳಿಕೆಯಾಗಿ ಪರಿಣಮಿಸುವುದಿಲ್ಲ. ಆ ಹಣ ಯಾವ ಭಾಗಕ್ಕೆ ವೆಚ್ಚವಾಗಿದೆ ಎಂಬುದನ್ನು ಪರಿಶೀಲಿಸಬೇಕಾಗುತ್ತದೆ.

ಕಂತಿನ ಮೇಲೆ ಕೊಳ್ಳುವಾಗಲೂ ಇದೇ ಎಚ್ಚರ ಅಗತ್ಯ. ಬಡ್ಡಿರಹಿತ ಎಂದು ಹೇಳಲಾಗುವ ಕಂತುಗಳಲ್ಲಿ ಸಂಸ್ಕರಣಾ ಶುಲ್ಕ ಸೇರಿರಬಹುದು ಅಥವಾ ನಗದು ಕೊಟ್ಟವರಿಗೆ ದೊರೆಯುವ ರಿಯಾಯಿತಿ ತಪ್ಪಿಹೋಗಿರಬಹುದು. ಶೂನ್ಯ ಬಡ್ಡಿ ಎಂಬ ಪರಿಕಲ್ಪನೆಯೇ ಅಸ್ತಿತ್ವದಲ್ಲಿಲ್ಲವೆಂದು ಭಾರತೀಯ ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕುಗಳಿಗೆ ತಿಳಿಸಿತ್ತು. ಎಲ್ಲ ಕಂತುಗಳನ್ನು ಕೂಡಿಸಿ ನಗದು ಬೆಲೆಯೊಂದಿಗೆ ಹೋಲಿಸಿದರೆ ವ್ಯತ್ಯಾಸ ತಿಳಿಯುತ್ತದೆ.

ಆಯ್ಕೆಯ ಅಂಶಗಳು

ಸಂಪರ್ಕಜಾಲ

ಭಾರತದಲ್ಲಿ 5ಜಿ ಸೇವೆಗೆ 2022ರ ಅಕ್ಟೋಬರ್ 1ರಂದು ಚಾಲನೆ ನೀಡಲಾಯಿತು. ಪೆಟ್ಟಿಗೆಯ ಮೇಲೆ 5ಜಿ ಎಂದು ಬರೆದಿದ್ದರೂ ಎಲ್ಲ ಫೋನುಗಳು ಎಲ್ಲ ತರಂಗಾಂತರಗಳನ್ನು ಗ್ರಹಿಸುವುದಿಲ್ಲ. 3300 ಮೆಗಾಹರ್ಟ್ಸ್ ವಲಯದ ಎನ್78 ಬ್ಯಾಂಡ್ ಪಟ್ಟಣಗಳಲ್ಲಿ ಹೆಚ್ಚಿನ ವೇಗ ನೀಡುತ್ತದೆ. 700 ಮೆಗಾಹರ್ಟ್ಸ್‌ನ ಎನ್28 ಬ್ಯಾಂಡ್ ಹೆಚ್ಚು ದೂರ ಹರಡುವುದಲ್ಲದೆ ಗೋಡೆಗಳನ್ನೂ ಸುಲಭವಾಗಿ ದಾಟುತ್ತದೆ. ಗೋಪುರಗಳು ದೂರ ದೂರವಿರುವ ಹಳ್ಳಿಗಳಲ್ಲಿ ಈ ಎರಡನೆಯದು ಮಹತ್ವದ್ದು. ಜಿಯೋ ಸಂಸ್ಥೆಯ 5ಜಿ ಸ್ವತಂತ್ರ ಜಾಲವಾಗಿರುವುದರಿಂದ ಅದಕ್ಕೆ ಸ್ವತಂತ್ರ ಮಾದರಿಯ ಬೆಂಬಲವಿರುವ ಫೋನ್ ಬೇಕು. ಏರ್‌ಟೆಲ್ ತನ್ನ ಸೇವೆಯನ್ನು 4ಜಿ ಜಾಲದ ಆಸರೆಯೊಂದಿಗೆ ಆರಂಭಿಸಿತು. ಬಿಎಸ್‌ಎನ್‌ಎಲ್ ತನ್ನ 4ಜಿ ಸೇವೆಗೆ 700 ಮತ್ತು 2100 ಮೆಗಾಹರ್ಟ್ಸ್ ವಲಯಗಳನ್ನು ಬಳಸುತ್ತದೆ. ಕೊಳ್ಳುವ ಮೊದಲು ಮನೆಯೊಳಗೆ ಮತ್ತು ಜಮೀನಿನಲ್ಲಿ ಯಾವ ಸಂಸ್ಥೆಯ ಸಂಕೇತ ಸಿಗುತ್ತದೆ ಎಂಬುದನ್ನು ತಿಳಿದು, ಆ ಬ್ಯಾಂಡ್ ಫೋನಿನ ವಿವರಪಟ್ಟಿಯಲ್ಲಿ ಇದೆಯೇ ಎಂದು ನೋಡುವುದು ಸೂಕ್ತ.

ತಂತ್ರಾಂಶ ನವೀಕರಣ

ಭದ್ರತಾ ನವೀಕರಣ ನಿಂತುಹೋದ ಫೋನಿನಲ್ಲಿ ಹೊಸದಾಗಿ ಪತ್ತೆಯಾದ ದೋಷಗಳು ಹಾಗೆಯೇ ಉಳಿಯುತ್ತವೆ. ಕಾಲಕ್ರಮದಲ್ಲಿ ಬ್ಯಾಂಕಿಂಗ್ ಆ್ಯಪ್‌ಗಳು ಹಳೆಯ ಆವೃತ್ತಿಗಳಲ್ಲಿ ಕೆಲಸ ಮಾಡುವುದನ್ನು ನಿಲ್ಲಿಸುತ್ತವೆ. ಬೆಲೆ ಒಂದೇ ಆಗಿದ್ದರೂ ಈ ವಿಷಯದಲ್ಲಿ ತಯಾರಕರ ನಡುವೆ ದೊಡ್ಡ ಅಂತರವಿದೆ. 2024ರ ಅಕ್ಟೋಬರ್‌ನಲ್ಲಿ ಭಾರತದಲ್ಲಿ 18,999 ರೂಪಾಯಿಯಿಂದ ಮಾರಾಟಕ್ಕೆ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎ16 5ಜಿ ಫೋನಿಗೆ ಆರು ವರ್ಷಗಳ ಭದ್ರತಾ ನವೀಕರಣದ ಭರವಸೆ ನೀಡಲಾಗಿತ್ತು. ಇದೇ ಬೆಲೆಯ ಬೇರೆ ಹಲವು ಫೋನುಗಳಿಗೆ ಈ ಅವಧಿ ಅದರ ಅರ್ಧದಷ್ಟೇ ಇರುತ್ತದೆ. ನವೀಕರಣದ ಅವಧಿಯನ್ನು ಫೋನ್ ಬಿಡುಗಡೆಯಾದ ದಿನದಿಂದ ಎಣಿಸುವುದು ವಾಡಿಕೆಯಾದ್ದರಿಂದ, ಎರಡು ವರ್ಷ ಹಳೆಯ ಮಾದರಿಯನ್ನು ರಿಯಾಯಿತಿಯಲ್ಲಿ ಕೊಂಡವರಿಗೆ ಉಳಿದ ಅವಧಿ ಮಾತ್ರ ದೊರೆಯುತ್ತದೆ.

ಸಂಸ್ಕಾರಕ ಮತ್ತು ಸ್ಮೃತಿ

ಈ ಶ್ರೇಣಿಯ ಫೋನುಗಳಲ್ಲಿ ಕ್ವಾಲ್‌ಕಾಮ್ ಕಂಪನಿಯ ಸ್ನ್ಯಾಪ್‌ಡ್ರಾಗನ್ ಮತ್ತು ಮೀಡಿಯಾಟೆಕ್ ಕಂಪನಿಯ ಡೈಮೆನ್ಸಿಟಿ ಸಂಸ್ಕಾರಕಗಳು ಸಾಮಾನ್ಯ. ದಿನನಿತ್ಯದ ಕೆಲಸದಲ್ಲಿ ಅನುಭವಕ್ಕೆ ಬರುವ ನಿಧಾನಗತಿಗೆ ಸಂಸ್ಕಾರಕಕ್ಕಿಂತ ಸಂಗ್ರಹಣೆಯ ವೇಗ ಕಾರಣವಾಗಿರುವುದೂ ಉಂಟು. ಯುಎಫ್‌ಎಸ್ ಮಾದರಿಯ ಸಂಗ್ರಹಣೆ ಹಳೆಯ ಇಎಂಎಂಸಿ ಮಾದರಿಗಿಂತ ವೇಗವಾದುದು. 6ರಿಂದ 8 ಗಿಗಾಬೈಟ್ ರ‍್ಯಾಮ್ ಮತ್ತು 128 ಗಿಗಾಬೈಟ್ ಸಂಗ್ರಹಣೆ ಹಲವು ವರ್ಷಗಳ ಬಳಕೆಗೆ ಸಾಕಾಗುವ ಪ್ರಮಾಣ. ಜಾಹೀರಾತುಗಳಲ್ಲಿ ‘8+8’ ಎಂದು ತೋರಿಸುವಾಗ ಎರಡನೆಯ ಸಂಖ್ಯೆ ವಾಸ್ತವ ರ‍್ಯಾಮ್ ಅಲ್ಲ. ಅದು ಸಂಗ್ರಹಣೆಯ ಒಂದು ಭಾಗವನ್ನು ತಾತ್ಕಾಲಿಕವಾಗಿ ಬಳಸಿಕೊಳ್ಳುವ ವ್ಯವಸ್ಥೆಯಾಗಿದ್ದು, ವೇಗದಲ್ಲಿ ರ‍್ಯಾಮ್‌ಗೆ ಸಮನಾಗದು.

ಪರದೆ, ಬ್ಯಾಟರಿ ಮತ್ತು ರಕ್ಷಣೆ

ಎಲ್‌ಸಿಡಿ ಪರದೆಗಿಂತ ಅಮೊಲೆಡ್ ಪರದೆಯಲ್ಲಿ ಕಪ್ಪು ಬಣ್ಣ ಗಾಢವಾಗಿ ಕಾಣುತ್ತದೆ. ಹೊಲದಲ್ಲಿ ಬಳಸುವವರಿಗೆ ಬಿಸಿಲಿನಲ್ಲಿ ಅಕ್ಷರ ಕಾಣುವಷ್ಟು ಪ್ರಕಾಶವಿರುವುದು ಹೆಚ್ಚು ಮುಖ್ಯ. ಜಾಹೀರಾತಿನ ಗರಿಷ್ಠ ‘ನಿಟ್’ ಸಂಖ್ಯೆ ಪರದೆಯ ಒಂದು ಸಣ್ಣ ಭಾಗಕ್ಕಷ್ಟೇ ಅನ್ವಯಿಸಬಹುದು. ಆದ್ದರಿಂದ ಫೋನನ್ನು ಅಂಗಡಿಯ ಹೊರಗೆ, ಬಿಸಿಲಿನಲ್ಲಿ ನೋಡುವುದೇ ಸರಿಯಾದ ಪರೀಕ್ಷೆ. 120 ಹರ್ಟ್ಸ್ ದರ ಪರದೆಯ ಚಲನೆಯನ್ನು ನಯಗೊಳಿಸುತ್ತದೆಯಾದರೂ ಬ್ಯಾಟರಿಯನ್ನು ಹೆಚ್ಚು ಬಳಸುತ್ತದೆ.

5,000 ಮಿಲಿಆಂಪಿಯರ್-ಗಂಟೆ ಸಾಮರ್ಥ್ಯದ ಬ್ಯಾಟರಿ ಈ ಶ್ರೇಣಿಯಲ್ಲಿ ಸಾಮಾನ್ಯ. ಲಿಥಿಯಂ-ಅಯಾನ್ ಬ್ಯಾಟರಿಯ ಸಾಮರ್ಥ್ಯ ಪದೇ ಪದೇ ಚಾರ್ಜ್ ಮಾಡುವುದರಿಂದಲೂ ಶಾಖದಿಂದಲೂ ಕುಗ್ಗುತ್ತದೆ. ಕೆಲವು ಫೋನುಗಳ ಪೆಟ್ಟಿಗೆಯಲ್ಲಿ ಚಾರ್ಜರ್ ಇರುವುದಿಲ್ಲವಾದ್ದರಿಂದ ಅದರ ಬೆಲೆಯನ್ನೂ ಲೆಕ್ಕಕ್ಕೆ ಸೇರಿಸಬೇಕು. ಐಪಿ54 ಎಂಬ ಸೂಚಿ ಧೂಳು ಮತ್ತು ನೀರಿನ ಸಿಡಿತದಿಂದ ಸೀಮಿತ ರಕ್ಷಣೆಯನ್ನು ಸೂಚಿಸುತ್ತದೆ. ಐಪಿ67 ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷಗಳವರೆಗಿನ ರಕ್ಷಣೆಯನ್ನು ಸೂಚಿಸುತ್ತದೆ. ಈ ಸೂಚಿಗಳಿದ್ದರೂ ನೀರಿನಿಂದಾದ ಹಾನಿ ಸಾಮಾನ್ಯವಾಗಿ ವಾರಂಟಿಗೆ ಒಳಪಡುವುದಿಲ್ಲ.

ಕ್ಯಾಮೆರಾ ಮತ್ತು ಸ್ಥಾನ ನಿರ್ಣಯ

ಮೆಗಾಪಿಕ್ಸೆಲ್ ಸಂಖ್ಯೆಯೊಂದೇ ಚಿತ್ರದ ಗುಣಮಟ್ಟವನ್ನು ನಿರ್ಧರಿಸುವುದಿಲ್ಲ. 50 ಮೆಗಾಪಿಕ್ಸೆಲ್ ಕ್ಯಾಮೆರಾ ಸಾಮಾನ್ಯವಾಗಿ ನಾಲ್ಕು ಬಿಂದುಗಳನ್ನು ಒಂದಾಗಿಸಿ ಸುಮಾರು 12.5 ಮೆಗಾಪಿಕ್ಸೆಲ್ ಚಿತ್ರವನ್ನು ನೀಡುತ್ತದೆ. ಸಂವೇದಕದ ಗಾತ್ರ ಮತ್ತು ಕೈ ನಡುಕವನ್ನು ಸರಿದೂಗಿಸುವ ದೃಕ್ ಸ್ಥಿರೀಕರಣ ಹೆಚ್ಚು ಪರಿಣಾಮಕಾರಿ. ಕ್ಯಾಮೆರಾಗಳ ಸಂಖ್ಯೆಯನ್ನು ಹೆಚ್ಚಿಸಲೆಂದು ಸೇರಿಸುವ 2 ಮೆಗಾಪಿಕ್ಸೆಲ್ ಮಸೂರಗಳಿಂದ ಪ್ರಯೋಜನ ಕಡಿಮೆ. ಪಹಣಿ, ಅಂಕಪಟ್ಟಿಯಂತಹ ದಾಖಲೆಗಳ ಚಿತ್ರ ತೆಗೆಯುವವರಿಗೆ ಹತ್ತಿರದ ಅಕ್ಷರಗಳು ಸ್ಪಷ್ಟವಾಗಿ ಮೂಡುವುದು ಮುಖ್ಯ.

ಜಮೀನಿನ ಆ್ಯಪ್‌ಗಳನ್ನು ಬಳಸುವವರು ಸ್ಥಾನ ನಿರ್ಣಯದ ನಿಖರತೆಯನ್ನೂ ಪರಿಶೀಲಿಸಬೇಕು. ಎರಡು ಆವರ್ತನಗಳಲ್ಲಿ ಉಪಗ್ರಹ ಸಂಕೇತ ಪಡೆಯುವ ಫೋನುಗಳು ಹೆಚ್ಚು ನಿಖರವಾಗಿರುತ್ತವೆ. ಭಾರತದ ಸ್ವಂತ ಪಥನಿರ್ದೇಶನ ವ್ಯವಸ್ಥೆಯಾದ ನಾವಿಕ್‌ಗೆ ಬೆಂಗಳೂರಿನ ಸಮೀಪದ ಬ್ಯಾಲಾಳುವಿನಲ್ಲಿ ಇಸ್ರೋದ ಕೇಂದ್ರವಿದೆ. ಮಧ್ಯಮ ಶ್ರೇಣಿಯ ಹಲವು ಸಂಸ್ಕಾರಕಗಳು ನಾವಿಕ್ ಸಂಕೇತಗಳನ್ನು ಗ್ರಹಿಸಬಲ್ಲವು.

ಕನ್ನಡದ ಬೆಂಬಲ

2012ರಲ್ಲಿ ಬಿಡುಗಡೆಯಾದ ಆಂಡ್ರಾಯ್ಡ್ 4.1 ಆವೃತ್ತಿಯಲ್ಲಿ ಕನ್ನಡ ಲಿಪಿಗೆ ಬೆಂಬಲ ಸೇರಿತು. ಭಾರತೀಯ ಮಾನಕ ಬ್ಯೂರೋದ ಐಎಸ್ 16333 (ಭಾಗ 3) ಮಾನಕವನ್ನು ಫೋನುಗಳಿಗೆ ಕಡ್ಡಾಯಗೊಳಿಸುವ ಆದೇಶವನ್ನು ಕೇಂದ್ರ ಸರ್ಕಾರ 2016ರಲ್ಲಿ ಹೊರಡಿಸಿತು. ಅದರಂತೆ ಸಂವಿಧಾನದ ಎಂಟನೆಯ ಅನುಸೂಚಿಯ ಎಲ್ಲ 22 ಭಾಷೆಗಳನ್ನು ಓದುವ ಸೌಲಭ್ಯವಿರಬೇಕು. ಬರೆಯುವ ಸೌಲಭ್ಯವಾದರೋ ಇಂಗ್ಲಿಷ್, ಹಿಂದಿ ಮತ್ತು ಇನ್ನೊಂದು ಭಾರತೀಯ ಭಾಷೆಗೆ ಮಾತ್ರ ಕಡ್ಡಾಯ. ಆ ಇನ್ನೊಂದು ಭಾಷೆ ಕನ್ನಡವೇ ಆಗಿರಬೇಕೆಂದಿಲ್ಲ. ಆದರೆ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಕೀಲಿಮಣೆಯನ್ನು ಉಚಿತವಾಗಿ ಅಳವಡಿಸಿಕೊಳ್ಳಬಹುದು.

ಅಂಗಡಿಯಲ್ಲೇ ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿ ಪಟ್ಟಿಗಳು ಪೂರ್ಣವಾಗಿ ಕನ್ನಡದಲ್ಲಿ ಬರುತ್ತವೆಯೇ ಎಂದು ನೋಡಬಹುದು. ‘ಸ್ವಾತಂತ್ರ್ಯ’, ‘ರಾಷ್ಟ್ರೀಯ’, ‘ಸೂರ್ಯ’ ಎಂಬ ಪದಗಳನ್ನು ಬರೆದರೆ ಒತ್ತಕ್ಷರ ಮತ್ತು ಅರ್ಕಾವೊತ್ತು ಸರಿಯಾಗಿ ಮೂಡುವುದೇ ಎಂಬುದು ತಿಳಿಯುತ್ತದೆ. ಓದಲು ಕಷ್ಟಪಡುವ ಹಿರಿಯರಿಗೆ ಕನ್ನಡ ಧ್ವನಿ ಟೈಪಿಂಗ್ ಮತ್ತು ಪಠ್ಯವನ್ನು ಗಟ್ಟಿಯಾಗಿ ಓದುವ ಸೌಲಭ್ಯ ನೆರವಾಗುತ್ತವೆ.

ಖರೀದಿ ಮತ್ತು ಗ್ರಾಹಕರ ಹಕ್ಕುಗಳು

ಪ್ರತಿ ಫೋನಿಗೂ 15 ಅಂಕಿಗಳ ಐಎಂಇಐ ಸಂಖ್ಯೆ ಇರುತ್ತದೆ. *#06# ಒತ್ತಿದಾಗ ಕಾಣುವ ಸಂಖ್ಯೆ ಪೆಟ್ಟಿಗೆಯ ಮೇಲಿನ ಮತ್ತು ಬಿಲ್ಲಿನಲ್ಲಿನ ಸಂಖ್ಯೆಗೆ ಹೊಂದಬೇಕು. ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣವು 2023ರ ಮೇ ತಿಂಗಳಿನಲ್ಲಿ ಆರಂಭವಾಯಿತು. ಅದರ ಮೂಲಕ ಐಎಂಇಐ ಸಂಖ್ಯೆಯ ಸತ್ಯಾಸತ್ಯತೆಯನ್ನು ಪರಿಶೀಲಿಸಬಹುದು ಹಾಗೂ ಕಳೆದುಹೋದ ಫೋನನ್ನು ನಿರ್ಬಂಧಿಸಬಹುದು. ಬಳಸಿದ ಫೋನ್ ಕೊಳ್ಳುವಾಗ ಈ ಪರಿಶೀಲನೆಯ ಜೊತೆಗೆ ಮೂಲ ಬಿಲ್ಲನ್ನು ಪಡೆಯುವುದು ಮತ್ತು ಹಿಂದಿನ ಮಾಲೀಕರ ಗೂಗಲ್ ಖಾತೆ ತೆಗೆಯಲ್ಪಟ್ಟಿದೆಯೇ ಎಂದು ಖಚಿತಪಡಿಸಿಕೊಳ್ಳುವುದು ಅಗತ್ಯ. ಖಾತೆ ಉಳಿದಿದ್ದರೆ ಫೋನನ್ನು ಮರುಹೊಂದಿಸಿದ ನಂತರ ಅದು ಬೀಗ ಹಾಕಿದಂತಾಗುತ್ತದೆ.

ದೋಷಪೂರಿತ ಫೋನಿನ ಬಗ್ಗೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ತಿಳಿಸಬಹುದು. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ದೂರುದಾರರು ತಾವು ವಾಸಿಸುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ದೂರು ಸಲ್ಲಿಸಬಹುದು. ಹೀಗಾಗಿ ಬೇರೆ ರಾಜ್ಯದ ಮಾರಾಟಗಾರರಿಂದ ಆನ್‌ಲೈನ್‌ನಲ್ಲಿ ಫೋನ್ ಕೊಂಡ ನಂಜನಗೂಡಿನ ಗ್ರಾಹಕರು ಮೈಸೂರಿನ ಜಿಲ್ಲಾ ಆಯೋಗವನ್ನು ಸಂಪರ್ಕಿಸಬಹುದು. ಐದು ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಶುಲ್ಕವಿಲ್ಲ. ದೂರಿಗೆ ಕಾರಣ ಉಂಟಾದ ದಿನದಿಂದ ಎರಡು ವರ್ಷಗಳೊಳಗೆ ಅದನ್ನು ಸಲ್ಲಿಸಬೇಕು. ಇದಕ್ಕೆ ಬಿಲ್ಲು ಮತ್ತು ಸೇವಾ ಕೇಂದ್ರ ನೀಡಿದ ಚೀಟಿಗಳೇ ಮುಖ್ಯ ಸಾಕ್ಷ್ಯಗಳು.

ಹಳೆಯ ಫೋನಿನ ವಿಲೇವಾರಿ

2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ (ನಿರ್ವಹಣೆ) ನಿಯಮಗಳು, 2022 ಮೊಬೈಲ್ ಫೋನುಗಳಿಗೂ ಅನ್ವಯಿಸುತ್ತವೆ. ಅವುಗಳ ಪ್ರಕಾರ ಮರುಬಳಕೆಯ ಹೊಣೆಯನ್ನು ತಯಾರಕರು ಹೊರಬೇಕು. ಉಬ್ಬಿದ ಬ್ಯಾಟರಿಯನ್ನು ಚುಚ್ಚುವುದು, ಬೆಂಕಿಗೆ ಹಾಕುವುದು ಅಥವಾ ಮನೆಯ ಕಸದೊಂದಿಗೆ ಎಸೆಯುವುದು ಅಪಾಯಕಾರಿ. ಕೆಲಸ ಮಾಡುತ್ತಿರುವ ಹಳೆಯ ಫೋನಿನ ಮಾಹಿತಿಯನ್ನು ಅಳಿಸಿ ವಿನಿಮಯಕ್ಕೆ ಕೊಟ್ಟರೆ ಹೊಸ ಫೋನಿನ ವೆಚ್ಚ ತಗ್ಗುತ್ತದೆ. ನವೀಕರಣ ನಿಂತ ಫೋನನ್ನು ಹಣಕಾಸಿನ ವ್ಯವಹಾರದಿಂದ ದೂರವಿಟ್ಟು, ಮಕ್ಕಳ ಪಾಠದ ದೃಶ್ಯಗಳನ್ನು ನೋಡುವಂತಹ ಕೆಲಸಗಳಿಗೆ ಉಳಿಸಿಕೊಳ್ಳುವುದೂ ಉಂಟು.